ತಾಯಿಗೆ ಶುಗರ್ ಇತ್ತು, ಮಗುವಿನ ಎಕೋದಲ್ಲಿ ಹೃದಯದ ಗೋಡೆ ದಪ್ಪ ಅಂದಿದ್ದಾರೆ

ಹುಲೇಕಲ್ ಅಣ್ಣ, ಶಿರಸಿ
ತಂಗಿ ಬಾಣಂತನಕ್ಕೆ ನಮ್ಮನೆಗೇ ಬಂದಿದ್ದಾಳೆ. ಏಳನೇ ತಿಂಗಳಲ್ಲಿ ಶುಗರ್ ಅಂತ ಗೊತ್ತಾಗಿ ಇನ್ಸುಲಿನ್ ಶುರುಮಾಡಿದ್ದರು. ಸಿಸೇರಿಯನ್ ಆಯ್ತು. ಗಂಡು ಮಗು, 4.1 ಕೆ.ಜಿ. ಹುಟ್ಟಿ ಸ್ವಲ್ಪ ಹೊತ್ತಿಗೇ ಮಗುವಿನ ಶುಗರ್ 34ಕ್ಕೆ ಇಳಿದು ಗ್ಲೂಕೋಸ್ ಹಾಕಿದರು. ಉಸಿರಾಟ ಜೋರಿದೆ ಅಂತ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿದರು. ವರದಿಯಲ್ಲಿ ಇರೋದು: ‘ಸೆಪ್ಟಮ್ 7 ಮಿ.ಮೀ., ದಪ್ಪವಾಗಿದೆ. ಸಣ್ಣ ಪಿಡಿಎ. ರಕ್ತ ಹೊರಹೋಗುವಲ್ಲಿ ಅಡಚಣೆ ಇಲ್ಲ.’ ಈಗ ಉಸಿರಾಟ ಸರಿಯಾಗಿದೆ, ಮನೆಗೆ ಕಳಿಸಿದ್ದಾರೆ. ಡಾಕ್ಟರು ‘ತಿಂಗಳು ಬಿಟ್ಟು ಬನ್ನಿ’ ಅಂದವರೇ ಮುಂದಿನ ಪೇಷಂಟನ್ನು ಕರೆದರು.

ಅವಳ ಅತ್ತೆ ಫೋನ್ ಮಾಡಿ, ‘ಆಲೆಮನೆಗೆ ಹೋಗಿ ಕಬ್ಬಿನ ಹಾಲು ಕುಡಿದಿದ್ದಕ್ಕೇ ಹೀಗಾಯ್ತು’ ಅಂದರಂತೆ. ತಂಗಿಯ ಅಳು ನಿಂತಿಲ್ಲ. ಚಿಕ್ಕಪ್ಪ ಆಪರೇಷನ್ನೇ ಆಗಬೇಕು, ನಾಳೆಯೇ ಗಾಡಿ ಮಾಡಿ ಮಣಿಪಾಲಕ್ಕೆ ಹೋಗುವ ಅಂತಿದ್ದಾರೆ. ಹೊಲಿಗೆ ಮಾಗದವಳನ್ನು ದೇವಿಮನೆ ಘಟ್ಟ ಇಳಿಸಬೇಕಾ? ತಿಳಿದವರು ಹೇಳಿ.

ಗಂಗಾವಳಿ ದಂಡೆ, ಅಂಕೋಲಾ
ಹೆದರಬೇಡಿ. ಬಜೆ ತೇಯ್ದು ಜೇನುತುಪ್ಪದಲ್ಲಿ ನೆಕ್ಕಿಸಿ, ಎದೆ ಗಟ್ಟಿಯಾಗ್ತದೆ. ನಮ್ಮಲ್ಲಿ ಎಲ್ಲ ಮಕ್ಕಳಿಗೂ ಕೊಟ್ಟಿದ್ದೇವೆ.

ಕಾಜುಭಾಗ ಸಿಸ್ಟರ್, ಕಾರವಾರ
ಗಂಗಾವಳಿಯವರೇ, ಸಿಟ್ಟಾಗಬೇಡಿ, ಆದ್ರೆ ಅದು ಬೇಡ. ವರ್ಷದೊಳಗಿನ ಮಗುವಿಗೆ ಜೇನು ತಾಗಿಸಲೇಬಾರದು. ಅದರಲ್ಲಿ ಬೊಟುಲಿಸಂ ರೋಗಾಣು ಇದ್ರೆ ಎಳೆಮಗುವಿನ ಕರುಳಲ್ಲಿ ಬೆಳೆದು ವಿಷ ಬಿಡ್ತದೆ. ಎದೆಹಾಲು ಬಿಟ್ಟು ಏನೂ ಬೇಡ.

ಹುಲೇಕಲ್ ಅಣ್ಣ, ನವಜಾತ ಶಿಶು ವಾರ್ಡಿನಲ್ಲೇ ತಲೆ ನರೆತವಳು ನಾನು. ಶುಗರ್ ಇದ್ದ ತಾಯಂದಿರ ಮಕ್ಕಳಲ್ಲಿ ಇಂಥ ಎಕೋ ನೋಡೀ ನೋಡೀ ಅಭ್ಯಾಸವಾಗಿದೆ. ಆ ವರದಿಯಲ್ಲಿ ನೀವು ಎರಡು ಸಲ ಓದಬೇಕಾದ್ದು ‘ಅಡಚಣೆ ಇಲ್ಲ’ ಅನ್ನೂದನ್ನ.

ಆಗಿದ್ದು ಇಷ್ಟು. ತಾಯಿಯ ರಕ್ತದ ಸಕ್ಕರೆ ಮಾಸು ದಾಟಿ ಮಗುವಿಗೆ ಹೋಗ್ತದೆ, ತಾಯಿಯ ಇನ್ಸುಲಿನ್ ದಾಟೂದಿಲ್ಲ. ಹಾಗಾಗಿ ಮಗು ತಾನೇ ಜಾಸ್ತಿ ಇನ್ಸುಲಿನ್ ಮಾಡಿಕೊಳ್ತದೆ. ಹೊಟ್ಟೆಯೊಳಗಿನ ಮಗುವಿಗೆ ಇನ್ಸುಲಿನ್ ಅಂದ್ರೆ ಗೊಬ್ಬರ. ಮೈ ತುಂಬ್ತದೆ, ಹೃದಯದ ಸ್ನಾಯುವೂ ದಪ್ಪಾಗ್ತದೆ, ಅದರಲ್ಲೂ ಎರಡು ಕೆಳಕೋಣೆಗಳ ನಡುಗೋಡೆ. ವರದಿಯಲ್ಲಿ ಸೆಪ್ಟಮ್ ಅಂದದ್ದು ಅದನ್ನೇ. ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ತಾಯಿಯ ಸಕ್ಕರೆ ನಿಂತುಹೋಯ್ತು, ಮಗುವಿನ ಇನ್ಸುಲಿನ್ ಇನ್ನೂ ಹಾಗೇ ಇತ್ತು. ಶುಗರ್ 34ಕ್ಕೆ ಬಿದ್ದದ್ದು ಅದಕ್ಕೇ. ಈಗ ಆ ಇನ್ಸುಲಿನ್ನೂ ಇಳಿದಿದೆ, ಗೋಡೆಯೂ ನಿಧಾನಕ್ಕೆ ಇಳೀತದೆ. ಸಾಮಾನ್ಯವಾಗಿ ಎರಡರಿಂದ ಆರು ತಿಂಗಳು, ಕೆಲವರಿಗೆ ವರ್ಷ ಹಿಡೀತದೆ. ಇದಕ್ಕೆ ಆಪರೇಷನ್ ಮಾಡೂದಿಲ್ಲ ಅಂತ ಚಿಕ್ಕಪ್ಪನಿಗೆ ಹೇಳಿ. ಪಿಡಿಎ ಅಂದ್ರೆ ಹೃದಯದಿಂದ ಹೊರಡುವ ಎರಡು ದೊಡ್ಡ ರಕ್ತನಾಳಗಳನ್ನು ಜೋಡಿಸುವ ನಾಳ, ಹುಟ್ಟಿದ ಮೇಲೆ ಮುಚ್ಚಬೇಕಾದ್ದು ಇನ್ನೂ ತೆರೆದಿರೂದು. ಸಣ್ಣದು ಮೊದಲ ದಿನಗಳಲ್ಲಿ ಬಹಳ ಮಕ್ಕಳಿಗೆ ಇರ್ತದೆ. ಮುಚ್ಚಿದೆಯಾ ಅಂತ ಮುಂದಿನ ಎಕೋದಲ್ಲಿ ನೋಡ್ತಾರೆ, ಅದನ್ನ ಮಾತ್ರ ತಪ್ಪಿಸಬೇಡಿ.

ಮನೆಯಲ್ಲಿ ನೋಡಬೇಕಾದ್ದು ಬೇರೆ ಉಂಟು. ಮಗು ಮಲಗಿದ್ದಾಗ ಅಂಗಿ ಎತ್ತಿ ಹೊಟ್ಟೆ ಏರಿಳಿಯೂದನ್ನ ಪೂರ್ತಿ ಒಂದು ನಿಮಿಷ ಎಣಿಸಿ. ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡಬೇಡಿ, ಎಳೆಮಕ್ಕಳ ಉಸಿರು ಒಂದೇ ಸಮ ಇರೂದಿಲ್ಲ. 60 ದಾಟ್ತಾ ಇದ್ರೆ, ಹಾಲು ಕುಡೀವಾಗ ಹಣೆ ಬೆವರಿದ್ರೆ, ನಾಲ್ಕು ಗುಟುಕಿಗೇ ದಣಿದು ಬಿಟ್ರೆ, ನಾಲಿಗೆ ತುಟಿ ನೀಲಿಯಾದ್ರೆ ಆಗಲೇ ಹೊರಡಿ. ಅದೂ ಮೊದಲು ಶಿರಸಿಯಲ್ಲೇ ಹತ್ತಿರದ ಮಕ್ಕಳ ಡಾಕ್ಟರ ಹತ್ರ, ಘಟ್ಟ ಇಳಿಯೂದು ಆಮೇಲೆ. ಹಾಲು ಕಡಿಮೆಯಾಗಿ ಮಗುವಿನ ಮೈ ಒಣಗಬಾರದು, ಇಂಥ ಹೃದಯಕ್ಕೆ ಅದು ತಡೆಯೂದಿಲ್ಲ.

ಬೇರೆ ಯಾರಿಗೆ ತೋರಿಸಿದ್ರೂ ಎಕೋ ವರದಿ ಮೊದಲು ಮೇಜಿನ ಮೇಲೆ ಇಡಿ. ಹೃದಯ ಸೋತಿದೆ ಅಂದ್ಕೊಂಡು ಡಿಗಾಕ್ಸಿನ್ ಥರ ಬಡಿತದ ಜೋರು ಹೆಚ್ಚಿಸುವ ಔಷಧಿ ಕೊಟ್ರೆ, ದಪ್ಪ ಗೋಡೆ ಇನ್ನೂ ಬಿಗಿದು ರಕ್ತದ ದಾರಿ ಕಟ್ತದೆ. ಔಷಧಿ ಬೇಕೇ ಆದವರಿಗೆ ಕೊಡೂದು ಬಡಿತದ ಜೋರು ಇಳಿಸುವ ಪ್ರೊಪ್ರನೊಲಾಲ್‌ನಂಥದ್ದು.

ಅತ್ತೆಯವರ ವಿಷಯ. ಗರ್ಭಿಣಿಯ ಶುಗರ್ ಏರೂದು ಮಾಸಿನ ಹಾರ್ಮೋನುಗಳಿಂದ. ಇನ್ಸುಲಿನ್ ಇದ್ದರೂ ಮೈ ಅದರ ಮಾತು ಕೇಳದ ಹಾಗೆ ಅವು ಮಾಡ್ತವೆ. ಒಂದು ಲೋಟ ಕಬ್ಬಿನ ಹಾಲಿಗೆ ಹೃದಯದ ಗೋಡೆ ದಪ್ಪಾಗೂದಿಲ್ಲ. ಶುಗರ್ ಚೆನ್ನಾಗಿ ಹಿಡಿತದಲ್ಲಿಟ್ಟವರ ಮಕ್ಕಳಲ್ಲೂ ಇದು ಕಂಡಿದೆ. ಬಾಣಂತಿಯ ಕಿವಿಗೆ ಈ ಮಾತು ಹಾಕಿದವರಿಗೆ ಏನು ಹೇಳಬೇಕೋ ನೀವೇ ಹೇಳಿ, ನಾನು ಬರೆದ್ರೆ ಅಡ್ಮಿನ್ ಅಳಿಸ್ತಾರೆ.

ಹುಲೇಕಲ್ ಅಣ್ಣ, ಶಿರಸಿ
ಸಿಸ್ಟರ್, ತಂಗಿಗೇ ಫೋನ್ ಕೊಟ್ಟು ಓದಿಸಿದೆ. ಇನ್ನೊಂದು ಪ್ರಶ್ನೆ: ನೆಂಟರೊಬ್ಬರಿಗೂ ಶುಗರ್ ಇತ್ತು, ಆ ಮಗುವಿನ ಹೃದಯದಲ್ಲಿ ತೂತು. ನಮ್ಮದಕ್ಕೆ ಹಾಗಾಗೋ ಸಾಧ್ಯತೆ ಇದೆಯಾ?

ಕಾಜುಭಾಗ ಸಿಸ್ಟರ್, ಕಾರವಾರ
ತೂತಿದ್ರೆ ಈ ಎಕೋದಲ್ಲೇ ಬರೆದಿರ್ತಿದ್ರು. ಅದು ಬೇರೆಯೇ ಕತೆ. ಮಗುವಿನ ಹೃದಯ ರೂಪ ತಳೆಯೂದು ಮೊದಲ ಎಂಟು ವಾರದೊಳಗೆ, ಎಷ್ಟೋ ಹೆಂಗಸರಿಗೆ ಬಸುರಿ ಅಂತ ಖಾತ್ರಿಯಾಗುವ ಮೊದಲೇ. ಆಗ ತಾಯಿಯ ಸಕ್ಕರೆ ಏರಿದ್ರೆ ತೂತು, ದೊಡ್ಡ ರಕ್ತನಾಳಗಳು ಅದಲುಬದಲಾಗೂದು, ಇಂಥದ್ದೆಲ್ಲ ಆಗಬಹುದು. ಬಸುರಿಗೆ ಮುಂಚೆಯೇ ಡಯಾಬಿಟಿಸ್ ಇದ್ದವರಿಗೆ ಆ ಅಪಾಯ ಹೆಚ್ಚು. ಅಂಥವರು ಎಚ್‌ಬಿಎ1ಸಿ, ಅಂದ್ರೆ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಲೆಕ್ಕ, ಸರಿಮಾಡಿಕೊಂಡೇ ಮಗು ಯೋಚಿಸಬೇಕು, 18ರಿಂದ 24 ವಾರದೊಳಗೆ ಹೊಟ್ಟೆಯಲ್ಲಿರುವ ಮಗುವಿನ ಎಕೋ ಮಾಡಿಸಬೇಕು.

ನಿಮ್ಮ ತಂಗಿಯ ತಾಯಿ ಕಾರ್ಡಿನಲ್ಲಿ ಮೊದಲ ಭೇಟಿಯ ಶುಗರ್ ಎಷ್ಟು ಬರೆದಿದ್ದಾರೆ ನೋಡಿ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ತಾಸಿಗೆ ರಕ್ತ ತೆಗೆಯುವ ಪರೀಕ್ಷೆ ಆಗಲೊಮ್ಮೆ, 24–28 ವಾರದಲ್ಲಿ ಮತ್ತೊಮ್ಮೆ ಆಗಬೇಕು. 140 ಮುಟ್ಟಿದ್ರೆ ಶುಗರ್ ಅಂತ ಲೆಕ್ಕ. ಮೊದಲ ಸಲ ಕಡಿಮೆ ಇದ್ದಿದ್ರೆ ಇದು ಬಸುರಿಯಲ್ಲೇ ಬಂದದ್ದು. ಆದ್ರೂ ಹೆರಿಗೆಯಾಗಿ ಆರು ವಾರಕ್ಕೆ ಅವಳಿಗೆ ಅದೇ ಪರೀಕ್ಷೆ ಇನ್ನೊಮ್ಮೆ ಮಾಡಿಸಿ. ಮಗುವಿನ ಎಕೋ ದಿನ ಆಸ್ಪತ್ರೆಗೆ ಹೇಗೂ ಹೋಗ್ತೀರಲ್ಲ, ಆಗಲೇ ಅವಳ ತಾರೀಖೂ ಬರೆಸಿಕೊಂಡು ಬನ್ನಿ.