‘ವ್ಯವಸಾಯ’ ಎಂದರೆ ಉಳುಮೆಯೋ, ವ್ಯಾಪಾರವೋ?

ಬಳಗದ ಎಲ್ಲರಿಗೂ ನಮಸ್ಕಾರ.

ಹತ್ತಿ ಮಾರಲು ಅಪ್ಪನ ಜೊತೆ ರಾಯಚೂರಿನ ಬೆಳೆ ಮಾರುಕಟ್ಟೆಯಾದ ಗಂಜ್‌ಗೆ ಹೋಗಿದ್ದೆ. ಅಡತಿ (ದಲ್ಲಾಳಿ) ಅಂಗಡಿಯ ಕಟ್ಟೆಯ ಮೇಲೆ ಮಹಾರಾಷ್ಟ್ರದ ಖರೀದಿದಾರರೊಬ್ಬರು ಕುಳಿತಿದ್ದರು. ಕನ್ನಡ ಬಲ್ಲವರು. ಅದೂ ಇದೂ ಮಾತನಾಡುತ್ತ, “ನಿಮ್ಮ ವ್ಯವಸಾಯ ಯಾವುದು?” ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಪ್ಪ, “ಇವನು ವ್ಯವಸಾಯ ಮಾಡುವುದಿಲ್ಲ, ಶಾಲೆಯಲ್ಲಿ ಮಾಸ್ತರ” ಎಂದರು. “ಮಾಸ್ತರಿಕೆಯೂ ಒಂದು ವ್ಯವಸಾಯವೇ ಅಲ್ಲವೇ ಯಜಮಾನರೇ?” ಎಂದರು ಅವರು. ಇಬ್ಬರ ಮಾತೂ ಅವರವರ ಭಾಷೆಯಲ್ಲಿ ಸರಿಯೇ. ಅಂದಿನಿಂದ ಈ ಪದ ನನ್ನ ಬೆನ್ನು ಬಿಟ್ಟಿಲ್ಲ.

ಸಂಸ್ಕೃತದಲ್ಲಿ ವ್ಯವಸಾಯವೆಂದರೆ ನಿಶ್ಚಯ, ಪಟ್ಟು ಹಿಡಿದ ಪ್ರಯತ್ನ. ಗೀತೆಯ ಎರಡನೆಯ ಅಧ್ಯಾಯದ ‘ವ್ಯವಸಾಯಾತ್ಮಿಕಾ ಬುದ್ಧಿ’ಯಲ್ಲಿ ನೇಗಿಲೂ ಇಲ್ಲ, ತಕ್ಕಡಿಯೂ ಇಲ್ಲ. ಮರಾಠಿ, ಹಿಂದಿಗಳಲ್ಲಿ ಅದು ಕಸುಬು, ಉದ್ಯೋಗ. ಬಂಗಾಳಿಯ ‘ಬ್ಯಬ್ಸಾ’ ನೇರವಾಗಿ ವ್ಯಾಪಾರ. ಕನ್ನಡ, ತೆಲುಗು, ತಮಿಳುಗಳಲ್ಲಿ ಉಳುಮೆ. ಪಕ್ಕದ ಮಲಯಾಳದಲ್ಲಿ ಮಾತ್ರ ಕೈಗಾರಿಕೆ! ಕೇರಳದ ವ್ಯವಸಾಯ ಇಲಾಖೆಗೆ ಹೋಗಿ ಬೀಜ, ಗೊಬ್ಬರ ಕೇಳಿದರೆ ಸಿಗುವುದಿಲ್ಲ. ‘ದುಡಿಮೆ’ ಎಂದೊಡನೆ ಒಂದೊಂದು ಸೀಮೆಯ ಜನರ ಕಣ್ಣ ಮುಂದೆ ಯಾವುದು ಬರುತ್ತಿತ್ತೋ ಅದಕ್ಕೆ ಈ ಪದ ಅಂಟಿಕೊಂಡಿತು ಎಂಬುದು ನನ್ನ ಊಹೆ. ನಮ್ಮಲ್ಲಿ ಬಂದದ್ದು ಹೊಲ.

ಇದರ ತದ್ಭವ ‘ಬೇಸಾಯ’. ಅದೇ ಜಾಡಿನಲ್ಲಿ ‘ವ್ಯವಹಾರ’ ಹಳೆಯ ಕನ್ನಡದಲ್ಲಿ ‘ಬೇಹಾರ’ವಾಯಿತು, ವ್ಯಾಪಾರ ಮಾಡುವವನು ‘ಬೇಹಾರಿ’ಯಾದ. ಬೇಸಾಯ, ಬೇಹಾರ ಎರಡನ್ನೂ ಒಟ್ಟಿಗೆ ಉಚ್ಚರಿಸಿ ನೋಡಿ, ಒಂದೇ ಮನೆಯ ಅಕ್ಕತಂಗಿಯರಂತೆ ಕೇಳಿಸುತ್ತವೆ. ಒಬ್ಬಳು ಇನ್ನೂ ಬದುಕಿದ್ದಾಳೆ, ಇನ್ನೊಬ್ಬಳು ನಿಘಂಟು ಸೇರಿದ್ದಾಳೆ. ಈ ಎರಡು ಬದುಕುಗಳು ಒಂದೇ ಹೆಸರಿನಡಿ ಇದ್ದ ಕಾಲವೂ ಉಂಟು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕೃಷಿ, ಪಶುಪಾಲನೆ, ವಾಣಿಜ್ಯ ಮೂರೂ ಸೇರಿ ‘ವಾರ್ತಾ’. ಆ ಪದ ಇಂದು ನಮಗೆ ಸುದ್ದಿಯಾಗಿ ಉಳಿದಿದೆ.

ಆದರೆ ನನ್ನ ಅಜ್ಜಿಯ ಬಾಯಲ್ಲಿ ವ್ಯವಸಾಯವೂ ಇರಲಿಲ್ಲ, ಬೇಸಾಯವೂ ಇರಲಿಲ್ಲ. ಅವಳ ಮಾತು ‘ಒಕ್ಕಲುತನ’. ಒಕ್ಕುವುದೆಂದರೆ ತೆನೆ ತುಳಿಸಿ ಕಾಳು ಬಿಡಿಸುವುದು. ಒಕ್ಕಲು ಎಂದರೆ ನೆಲೆನಿಂತ ಮನೆತನವೂ ಹೌದು. ಒಂದೆಡೆ ನಿಂತು ಬಾಳುವ ಅರ್ಥ ಆ ಪದದೊಳಗೇ ಇದೆ. ವರ್ತಕರ ಬದುಕು ಇದಕ್ಕೆ ಪೂರಾ ಎದುರು. ಐಹೊಳೆಯ ಹೆಸರು ಹೊತ್ತ ‘ಅಯ್ಯಾವೊಳೆ ಐನೂರ್ವರು’ ಸಂಘದ ವರ್ತಕರು ಹೇರು ಕಟ್ಟಿಕೊಂಡು ದಕ್ಷಿಣ ಭಾರತವನ್ನೆಲ್ಲ ಸುತ್ತಿದರು, ಕಡಲನ್ನೂ ದಾಟಿದರು. ಸುಮಾತ್ರಾ ದ್ವೀಪದ ಬಾರುಸ್ ಬಳಿ ಸಿಕ್ಕ 1088ರ ತಮಿಳು ಶಾಸನದಲ್ಲಿ ಐನೂರ್ವರ ಹೆಸರಿದೆ. ಹೊಲ ಜನರನ್ನು ಊರಿಗೆ ಕಟ್ಟಿಹಾಕಿತು, ಹೇರು ಊರನ್ನು ಲೋಕಕ್ಕೆ ಕಟ್ಟಿತು. ಎರಡಕ್ಕೂ ಬೇರೆ ಬೇರೆ ಮಾತು ಬೇಕಾದದ್ದು ಸಹಜವೇ.

ನಮ್ಮ ಎರಿಭೂಮಿಯಲ್ಲಿ, ಅಂದರೆ ಕಪ್ಪು ಮಣ್ಣಿನ ಸೀಮೆಯಲ್ಲಿ, ಈ ಎರಡೂ ಒಂದೇ ಹೊಲದಲ್ಲಿ ಕೂಡುತ್ತಿದ್ದವು. ಬಿಳಿಜೋಳ ಹಗೇವಿಗೆ (ನೆಲದಡಿಯ ಕಣಜಕ್ಕೆ), ಹತ್ತಿ ಗಂಜ್‌ಗೆ. ಜೋಳ ಬೆಳೆದವನು ಮನೆಗಾಗಿ ಬೆಳೆದ. ಹತ್ತಿಯನ್ನು ತಿನ್ನಲಾಗದು, ಅದನ್ನು ಬಿತ್ತಿದ ದಿನವೇ ರೈತ ಪೇಟೆಯ ಧಾರಣೆಗೆ ಕೈಕೊಟ್ಟಂತೆ. ಅಂದ ಹಾಗೆ ‘ರೈತ’ ಪದದ ಮೂಲವಾದ ಅರಬ್ಬಿಯ ‘ರಯ್ಯತ್’ಗೆ ಕಾಯಬೇಕಾದ ಮಂದೆ, ಪ್ರಜೆ ಎಂಬ ಅರ್ಥಗಳಿದ್ದವು. 1800ರಲ್ಲಿ ಬಳ್ಳಾರಿ ಸೀಮೆ ಈಸ್ಟ್ ಇಂಡಿಯಾ ಕಂಪನಿಗೆ ಸೇರಿದ ಮೇಲೆ ಕಲೆಕ್ಟರ್ ಥಾಮಸ್ ಮನ್ರೋ ಅಲ್ಲಿ ತಂದ ಕಂದಾಯ ಪದ್ಧತಿಗೂ ‘ರೈತವಾರಿ’ ಎಂದೇ ಹೆಸರು. ಸರ್ಕಾರಕ್ಕೆ ತೆರಿಗೆ ಕೊಡುವವನ ಹೆಸರು ಇಂದು ನಾವು ತಲೆಯೆತ್ತಿ ಹೇಳಿಕೊಳ್ಳುವ ಹೆಸರಾಗಿದೆ ಎಂಬುದು ನನಗೆ ಸಂತೋಷ ಕೊಡುತ್ತದೆ.

ಇನ್ನು ನನ್ನ ಪ್ರಶ್ನೆಗಳು. ಅಜ್ಜಿಯ ಒಕ್ಕಲುತನ ಅಪ್ಪನ ಕಾಲಕ್ಕೆ ವ್ಯವಸಾಯವಾದದ್ದು ಹೇಗೆ? ಶಾಲೆಯ ಪುಸ್ತಕದಿಂದಲೇ? ಅಥವಾ 1953ರಲ್ಲಿ ತುಂಗಭದ್ರಾ ಕಾಲುವೆಗೆ ನೀರು ಬಂದ ಮೇಲೆ, ಸಿಂಧನೂರು, ಗಂಗಾವತಿ ಕಡೆಯ ಕ್ಯಾಂಪ್‌ಗಳಲ್ಲಿ ಭತ್ತ ಬೆಳೆಯಲು ನೆಲೆಸಿದ ಆಂಧ್ರದ ಕುಟುಂಬಗಳ ‘ವ್ಯವಸಾಯಂ’ ಇದಕ್ಕೆ ಬಲ ಕೊಟ್ಟಿತೇ? ನನ್ನ ಮನಸ್ಸು ಎರಡನೆಯದರತ್ತ ವಾಲುತ್ತದೆ, ಆದರೆ ಕ್ಯಾಂಪ್‌ಗಳಿಂದ ದೂರದ ಕುಷ್ಟಗಿ, ಯಲಬುರ್ಗಾ ಕಡೆಯ ಹಿರಿಯರ ಮಾತು ಕೇಳದೆ ತೀರ್ಮಾನಕ್ಕೆ ಬರಲಾರೆ. ‘ಬೇಹಾರ’ವನ್ನು ಗಾದೆಯಲ್ಲೋ ಕಣದಲ್ಲಿ ತೆನೆ ತುಳಿಸುವಾಗ ಹಾಡುವ ಹಂತಿಯ ಹಾಡಿನಲ್ಲೋ ಯಾರಾದರೂ ಕೇಳಿದ್ದೀರಾ? ನಿಜಾಮರ ಆಳ್ವಿಕೆಯಲ್ಲಿದ್ದ ರಾಯಚೂರು, ಕೊಪ್ಪಳಗಳಲ್ಲಿ ಬೆಳೆ ಮಾರುವ ಜಾಗಕ್ಕೆ ಗಂಜ್ ಎನ್ನುತ್ತೇವೆ. ಮದ್ರಾಸಿಗೆ ಸೇರಿದ್ದ ಬಳ್ಳಾರಿಯ ಹಳ್ಳಿಗಳಲ್ಲಿ ಹಿರಿಯರು ಏನೆನ್ನುತ್ತಿದ್ದರು?

ಉತ್ತರಿಸುವಾಗ ಊರಿನ ಹೆಸರನ್ನೂ, ಆ ಪದ ಹೇಳಿದವರ ಅಂದಾಜು ವಯಸ್ಸನ್ನೂ ದಯವಿಟ್ಟು ಬರೆಯಿರಿ.