17ರ ಹುಡುಗ, 193 ಸೆಂ.ಮೀ., 71 ಕೆ.ಜಿ.: ವೃತ್ತಿಪರ ಬಾಸ್ಕೆಟ್‌ಬಾಲ್‌ಗೆ ಮೈ ತುಂಬೀತೇ? ಅನುಭವ ಇದ್ದವರು ಹೇಳಿ

ಡೊಂಬಿವಿಲಿ ತಂದೆ

ನಮಸ್ಕಾರ. ಮಗನಿಗೆ 17 ವರ್ಷ 2 ತಿಂಗಳು. ಬರಿಗಾಲಲ್ಲಿ 193 ಸೆಂ.ಮೀ., ತೂಕ 71 ಕೆ.ಜಿ., ಎರಡೂ ಕೈ ಚಾಚಿದರೆ 203. ನಾನು 180, ಅವನ ತಾಯಿ 168. ವಾರಕ್ಕೆ ಆರು ದಿನ ಮುಂಬೈಯ ನಾಗಪಾಡಾಕ್ಕೆ ಹೋಗಿ ಆಡುತ್ತಾನೆ. ಹೊರರಾಜ್ಯದ ಒಂದು ವೃತ್ತಿಪರ ತಂಡ ತನ್ನ ಕಿರಿಯರ ಗುಂಪಿಗೆ ಎರಡು ವರ್ಷಕ್ಕೆ ಕರೆದಿದೆ. ಊಟ, ವಸತಿ ಅವರದ್ದು, ಕೈಗೆ ತಿಂಗಳಿಗೆ 15,000. ವರ್ಷದೊಳಗೆ 12 ಕೆ.ಜಿ. ಏರಿಸಬೇಕು ಅಂತ ಷರತ್ತು. ಎಡ ಮೊಣಕಾಲ ಚಿಪ್ಪಿನ ಕೆಳಗೆ ಆರು ವಾರದಿಂದ ನೋವಿದೆ. ಇನ್ನೂ ಎತ್ತರ ಆಗುತ್ತಾನಾ? 12 ಕೆ.ಜಿ. ಆಗುವ ಮಾತಾ? ಕಳಿಸಬಹುದಾ?

ಥಾಣೆ ವೆಸ್ಟ್

ಎತ್ತರದ ವಿಷಯದಲ್ಲಿ ಅಂದಾಜು ಬೇಡ ಮಾರಾಯ್ರೆ, ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿ. ನಮಗೆ ಎಕ್ಸ್‌ರೇಗೆ 450 ರೂ., ಅದನ್ನು ಮಕ್ಕಳ ಹಾರ್ಮೋನ್ ಡಾಕ್ಟರಿಗೆ ತೋರಿಸಲಿಕ್ಕೆ 1,500. ಮಗನಿಗೆ ಆಗ 15 ವರ್ಷ 8 ತಿಂಗಳು, ಎತ್ತರ 188. ಮೂಳೆ ವಯಸ್ಸು, ಅಂದರೆ ಮೂಳೆ ಎಷ್ಟು ವರ್ಷದವರಷ್ಟು ಬಲಿತಿದೆ ಅನ್ನುವುದು, 15 ಬಂತು. ಕೈ ಎಕ್ಸ್‌ರೇ ಹೋಲಿಸಿ ನೋಡುವ ಗ್ರೂಲಿಶ್-ಪೈಲ್ ಅಟ್ಲಾಸಿನ ಜೊತೆಗಿನ ಬೇಯ್ಲಿ-ಪಿನ್ನೊ ಕೋಷ್ಟಕದಲ್ಲಿ ಮೂಳೆ ವಯಸ್ಸು 15 ಅಂದರೆ ಕೊನೆಯ ಎತ್ತರದ ಶೇ. 96.8 ಆಗಿದೆ ಅಂತ ಲೆಕ್ಕ. 188ನ್ನು 0.968ರಿಂದ ಭಾಗಿಸಿದರೆ 194.2. ಈಗ ಅವನಿಗೆ 20, ಎತ್ತರ 195. ಒಂದು ಸೆಂ.ಮೀ. ಕೂಡ ಪೂರ್ತಿ ತಪ್ಪಲಿಲ್ಲ.

ಮೂಳೆ ವಯಸ್ಸು 16ಕ್ಕೆ ಶೇ. 98.2, 17ಕ್ಕೆ 99.1. ನಿಮ್ಮವನದ್ದು 17 ಬಂದರೆ ಇನ್ನು ಎರಡು ಸೆಂ.ಮೀ.ಗಿಂತ ಕಡಿಮೆ ಉಂಟು. ಮೂಳೆ ವಯಸ್ಸು ನಿಜ ವಯಸ್ಸಿಗಿಂತ ಒಂದು ವರ್ಷಕ್ಕೂ ಹೆಚ್ಚು ಹಿಂದೆ ಇದ್ದರೆ ಬೇರೆ ಕೋಷ್ಟಕ ನೋಡಬೇಕು, ಅದನ್ನು ಡಾಕ್ಟರಿಗೆ ನೆನಪಿಸಿ. ಅಪ್ಪ ಅಮ್ಮನ ಎತ್ತರ ಕೂಡಿಸಿ 13 ಸೇರಿಸಿ ಎರಡರಿಂದ ಭಾಗಿಸುವ ಸೂತ್ರ ನಿಮ್ಮಲ್ಲಿ 180.5 ಕೊಡ್ತದೆ, ಹುಡುಗ ಆಗಲೇ 12.5 ಮೇಲೆ ಹೋಗಿದ್ದಾನೆ. ಅದನ್ನು ಬಿಟ್ಟುಬಿಡಿ. ಮತ್ತೆ ಅಳೆಯುವುದಾದರೆ ಬೆಳಿಗ್ಗೆ ಎದ್ದ ಕೂಡಲೇ ಅಳೆಯಿರಿ. ಸಂಜೆ ಪ್ರಾಕ್ಟೀಸು ಮುಗಿಸಿ ಬಂದವನನ್ನು ಅಳೆದರೆ ಒಂದು ಸೆಂ.ಮೀ. ಕಡಿಮೆ ತೋರಿಸ್ತದೆ.

ಮುಲುಂಡ್ 80

ಎತ್ತರ ಬಿಡಿ ಸರ್, ಆ 12 ಕೆ.ಜಿ. ಷರತ್ತು ಓದಿ ನನಗೆ ರಕ್ತ ಕುದಿಯಿತು. ನಮಗೂ ಅದನ್ನೇ ಹೇಳಿದ್ದರು. ಎಂಟು ತಿಂಗಳು ಮಾಸ್ ಗೇನರ್ (ತೂಕ ಏರಿಸುವ ಪುಡಿ) ಕುಡಿಸಿದೆವು. ಮೂರು ಕೆ.ಜಿ. ಡಬ್ಬಕ್ಕೆ 2,900 ರೂ., ಒಂದು ಡಬ್ಬ ಒಂಬತ್ತು ದಿನ. ಒಟ್ಟು 27 ಡಬ್ಬ, 78,300 ರೂಪಾಯಿ. ತೂಕ 14 ಕೆ.ಜಿ. ಏರಿತು, ಎಲ್ಲರೂ ಬೆನ್ನು ತಟ್ಟಿದರು. ಆಮೇಲೆ ಕೊಬ್ಬು ನೋಡಲು ಕ್ಯಾಲಿಪರ್ ಹಿಡಿದು ಏಳು ಕಡೆ ಚರ್ಮದ ಮಡಿಕೆ ಅಳೆದಾಗ ಮೊತ್ತ 52 ಮಿ.ಮೀ. ಇದ್ದದ್ದು 101. ನಿಂತಲ್ಲಿಂದ ಜಿಗಿತ 71 ಸೆಂ.ಮೀ. ಇದ್ದದ್ದು 63. ಮುಕ್ಕಾಲು ಕೋರ್ಟ್ ಓಟ 3.31 ಸೆಕೆಂಡಿನಿಂದ 3.52ಕ್ಕೆ ಹೋಯಿತು. ಮೊದಲು ಇಲ್ಲದ ಮೊಣಕಾಲು ನೋವು ಬಂತು. ಅದೆಲ್ಲ ಇಳಿಸಲು ಹತ್ತು ತಿಂಗಳು, ಅಷ್ಟರಲ್ಲಿ ಅವನ ಜಾಗದಲ್ಲಿ ಬೇರೆಯವನಿದ್ದ.

ಆ ಡಬ್ಬದಲ್ಲಿ ಮುಕ್ಕಾಲು ಪಾಲು ಮಾಲ್ಟೊಡೆಕ್ಸ್‌ಟ್ರಿನ್, ಅಂದರೆ ಸಕ್ಕರೆಯ ತಮ್ಮ. ಹುಡುಗರಲ್ಲಿ ಎತ್ತರ ಮೊದಲು ಬರುತ್ತದೆ, ತೂಕ ಅದರ ಹಿಂದೆ, ಬಲ ಎಲ್ಲಕ್ಕಿಂತ ಕೊನೆಗೆ. ಹುಡುಗ ಸಣ್ಣಗಿದ್ದಾನೆ ಅಂತ ಅವಸರ ಮಾಡುವವರಿಗೆ ಒಂದೇ ಮಾತು. 2007ರಲ್ಲಿ ಎನ್‌ಬಿಎ (ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್) ಆಯ್ಕೆಗೆ ಮೊದಲಿನ ಪರೀಕ್ಷೆಯಲ್ಲಿ ಕೆವಿನ್ ಡ್ಯುರಾಂಟ್ 84 ಕೆ.ಜಿ. ಬೆಂಚ್ ಪ್ರೆಸ್ ಒಂದು ಸಲವೂ ಎತ್ತಲಿಲ್ಲ. 2014ರಲ್ಲಿ ಲೀಗಿನ ಅತ್ಯುತ್ತಮ ಆಟಗಾರ ಆದ.

ಕೋತ್ರೂಡ್ ಅವ್ವ

ಮುಲುಂಡ್ ಅಣ್ಣಾರ, ಡಬ್ಬದ ತಪ್ಪಿಗೆ ತೂಕಾನ ಬ್ಯಾಡ ಅನ್ನೂದು ಸರಿ ಅಲ್ಲರಿ. ನಮ್ಮ ಹುಡುಗ 14 ತಿಂಗಳಿಗೆ 9 ಕೆ.ಜಿ. ಏರ್ಯಾನ, ಜಿಗಿತ 4 ಸೆಂ.ಮೀ. ಹೆಚ್ಚಾಗೇತಿ. ಪೂರಾ ಸಸ್ಯಾಹಾರ. ದಿನದ ಲೆಕ್ಕ ಬರದು ಇಟ್ಟೀನಿ: ಹಾಲು 750 ಮಿ.ಲೀ., ಅದರಾಗ ಪ್ರೋಟೀನ್ 24 ಗ್ರಾಂ. ಮೊಸರು 300 ಗ್ರಾಂ, 10. ಪನೀರ್ 150 ಗ್ರಾಂ, 27. ಸೋಯಾ ಚಂಕ್ಸ್ ಒಣಗಿದ್ದು 50 ಗ್ರಾಂ, 26. ಶೇಂಗಾ 50 ಗ್ರಾಂ, 12. ಮೂರು ವಾಟಿ ಬ್ಯಾಳಿ, 20. ನಾಕ ಜ್ವಾಳದ ರೊಟ್ಟಿ, 20. ಕೂಡಿಸಿದರ 139. ಇವರ ಹುಡುಗನ 71 ಕೆ.ಜಿ.ಗೆ ಕೆ.ಜಿ.ಗೆ 1.6 ಗ್ರಾಂ ಹಿಡಿದರ 114 ಸಾಕು.

ವಾರಕ್ಕ ಕಾಲು ಕೆ.ಜಿ. ಮ್ಯಾಲೆ ಏರಿದರ ನಾ ತುಪ್ಪ ಕಡಿಮಿ ಮಾಡ್ತೀನಿ. ಪ್ರತಿ ಸೋಮವಾರ ಮುಂಜಾನೆ ಖಾಲಿ ಹೊಟ್ಟಿಲೆ ತೂಕ. ಸೋಯಾ ಹೊಟ್ಟಿ ಉಬ್ಬರಸ್ತೈತಿ, ಅದಕ್ಕ ಬಿಸಿನೀರಾಗ ಹತ್ತು ನಿಮಿಷ ನೆನಿಹಾಕಿ, ಹಿಂಡಿ, ಆ ನೀರು ಚೆಲ್ಲಿ, ಮತ್ತ ಬೇಯಸಬೇಕು. ಪ್ರಾಕ್ಟೀಸಿಗೆ ಮೂರು ತಾಸು ಮೊದಲ ತಿಂದಿರಬೇಕು.

ಥಾಣೆ ವೆಸ್ಟ್

ಅಕ್ಕ, 139 ಗ್ರಾಂಗೆ ಅಷ್ಟೊಂದು ಹೊಟ್ಟೆಗೆ ಇಳಿಸುವುದೆಂತಕ್ಕೆ? ನಾಲ್ಕು ಮೊಟ್ಟೆಯಲ್ಲಿ 24 ಉಂಟು, 200 ಗ್ರಾಂ ಬಂಗುಡೆಯಲ್ಲಿ 38 ಉಂಟು. ಬಿ12, ಕಬ್ಬಿಣ ಎಲ್ಲ ಅದರಲ್ಲೇ ಬಂತು. ನಿಮ್ಮ ಹುಡುಗನ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ನೋಡಿಸಿದ್ದೀರಾ?

ಕೋತ್ರೂಡ್ ಅವ್ವ

ನೋಡಿಸೀನ್ರಿ. ಫೆರಿಟಿನ್ 18 ಬಂದಿತ್ತು, ಬಿ12 160. ಗುಳಿಗಿ ಕೊಟ್ಟು ನಾಕ ತಿಂಗಳಿಗೆ 46, 410 ಮಾಡೀವಿ. ತತ್ತಿ, ಮೀನು ತಿನ್ನಲಾರದವರು ಆಡಬಾರದು ಅಂತ ಎಲ್ಲೂ ಬರದಿಲ್ಲ. ನಮ್ಮ ಮನ್ಯಾಗಿನ ಒಲಿ ವಿಷಯ ನಮಗ ಬಿಡ್ರಿ.

ಪುಣೆ ಫಿಜಿಯೊ

ಊಟದ ಜಗಳ ಆಮೇಲೆ ಮಾಡಿ, ಮೊಣಕಾಲು ಕೇಳಿದ್ದಾರೆ. ಮೊದಲು ಬೆರಳು ಇಟ್ಟು ನೋಡಿ. ಚಿಪ್ಪಿನ ಕೆಳತುದಿಯಲ್ಲೇ ಒಂದು ಬೆರಳಿನಷ್ಟು ಜಾಗ ನೋಯುತ್ತಿದ್ದರೆ ಅದು ಚಿಪ್ಪಿನ ಟೆಂಡನ್ (ಚಿಪ್ಪನ್ನು ಕೆಳಗಿನ ಮೂಳೆಗೆ ಕಟ್ಟುವ ಗಟ್ಟಿ ನಾರು), ಜಂಪರ್ಸ್ ನೀ ಅನ್ನುವುದು. ಇನ್ನೂ ಕೆಳಗೆ, ಮೊಣಕಾಲಿನಿಂದ ಕೆಳಗಿನ ಮೂಳೆಯ ಮುಂದಿನ ಗಂಟಿನಲ್ಲಿ ನೋವು, ಊತ ಇದ್ದರೆ ಆಸ್‌ಗುಡ್-ಶ್ಲಾಟರ್, ಬೆಳವಣಿಗೆಯ ವಯಸ್ಸಿನದ್ದು. 17ಕ್ಕೆ ಸಾಮಾನ್ಯವಾಗಿ ಹಿಂದೆ ಬಿದ್ದಿರುತ್ತದೆ. ಎಂಆರ್‌ಐಗೆ ಓಡಬೇಡಿ. ನೋವೇ ಇಲ್ಲದ ಬಾಸ್ಕೆಟ್‌ಬಾಲ್ ಆಟಗಾರರ ಟೆಂಡನ್‌ನಲ್ಲೂ ಕಲೆ ಕಾಣುತ್ತದೆ.

ಟೆಂಡನ್ ಅಂತಾದರೆ ಪೂರ್ತಿ ವಿಶ್ರಾಂತಿ ಕೊಡಬೇಡಿ. ಎರಡು ವಾರ ವಿಶ್ರಾಂತಿ ಕೊಟ್ಟು ಕೋರ್ಟಿಗೆ ಇಳಿಸಿದರೆ ಮೂರನೇ ದಿನ ಮತ್ತೆ ಕುಂಟುತ್ತಾನೆ, ಯಾಕೆಂದರೆ ಟೆಂಡನ್ ಭಾರ ಹೊರುವ ಶಕ್ತಿಯನ್ನೇ ಕಳೆದುಕೊಂಡಿರುತ್ತದೆ. ಲೆಗ್ ಎಕ್ಸ್‌ಟೆನ್ಷನ್ ಮಷಿನ್‌ನಲ್ಲಿ ಮೊಣಕಾಲು ಸುಮಾರು 60 ಡಿಗ್ರಿ ಬಗ್ಗಿಸಿ, ಅಲುಗಾಡದೆ 45 ಸೆಕೆಂಡು ಒತ್ತಿ ಹಿಡಿಯಬೇಕು. ಹೀಗೆ ಐದು ಸಲ, ನಡುವೆ ಎರಡು ನಿಮಿಷ. ಮಷಿನ್ ಇಲ್ಲದಿದ್ದರೆ ಕಂಬಕ್ಕೆ ಗಟ್ಟಿ ಪಟ್ಟಿ ಕಟ್ಟಿ, ಅದನ್ನು ಮೊಣಕಾಲ ಹಿಂದೆ ಹಾಕಿ, ಹಿಂದಕ್ಕೆ ಕೂತಂತೆ ಸ್ಕ್ವಾಟ್ ಹಿಡಿದು ನಿಲ್ಲುವುದು. ನೋವು ತಗ್ಗಿದ ಮೇಲೆ 12 ವಾರ ಭಾರದ ಕೆಲಸ: ಸ್ಕ್ವಾಟ್, ಲೆಗ್ ಪ್ರೆಸ್, ಹ್ಯಾಕ್ ಸ್ಕ್ವಾಟ್. ವಾರಕ್ಕೆ ಮೂರು ದಿನ, ನಾಲ್ಕು ಸೆಟ್, ಇಳಿಯಲು ಮೂರು ಸೆಕೆಂಡು, ಏಳಲು ಮೂರು. ಮೊದಲ ವಾರ 15 ಸಲ ಮಾತ್ರ ಎತ್ತಬಲ್ಲ ತೂಕ, ಕೊನೆಯ ನಾಲ್ಕು ವಾರ 6 ಸಲ ಮಾತ್ರ ಎತ್ತಬಲ್ಲ ತೂಕ. ಕೆಲಸದ ಹೊತ್ತಿನಲ್ಲಿ ಹತ್ತಕ್ಕೆ ಮೂರರಷ್ಟು ನೋವು ಪರವಾಗಿಲ್ಲ, ಮಾರನೇ ಬೆಳಿಗ್ಗೆ ಹಳೆಯ ಮಟ್ಟಕ್ಕೆ ಇಳಿದಿರಬೇಕು. ಸ್ಟೀರಾಯ್ಡ್ ಸೂಜಿ ಹಾಕಿಸಬೇಡಿ, ಟೆಂಡನ್ ಬಲಗುಂದುತ್ತದೆ.

ತಾಸಿನ ಲೆಕ್ಕವನ್ನೂ ಬರೆದಿಡಿ. ಎನ್‌ಬಿಎ ಮತ್ತು ಯುಎಸ್‌ಎ ಬಾಸ್ಕೆಟ್‌ಬಾಲ್ ಕಿರಿಯರಿಗೆ ಕೊಟ್ಟ ಸೂಚನೆಯಲ್ಲಿ 15 ದಾಟಿದವರಿಗೆ ವಾರಕ್ಕೆ 14 ತಾಸು ಗರಿಷ್ಠ, ವಾರಕ್ಕೊಂದು ದಿನವಾದರೂ ರಜೆ, ರಾತ್ರಿ 8ರಿಂದ 10 ತಾಸು ನಿದ್ದೆ. ಡೊಂಬಿವಿಲಿಯಿಂದ ಬೈಕುಲ್ಲಾಕ್ಕೆ ಲೋಕಲ್‌ನಲ್ಲಿ ನಿಂತು ಹೋಗಿ, ಅಲ್ಲಿಂದ ನಾಗಪಾಡಾಕ್ಕೆ ನಡೆದು, ರಾತ್ರಿ 11ಕ್ಕೆ ಮನೆ ಸೇರಿ ಬೆಳಿಗ್ಗೆ 6ಕ್ಕೆ ಏಳುವ ಹುಡುಗನಿಗೆ ಆ ನಿದ್ದೆ ಎಲ್ಲಿಂದ ಬರಬೇಕು? ಬಲ ಕೂಡುವುದು ಜಿಮ್ಮಿನಲ್ಲಲ್ಲ, ನಿದ್ದೆಯಲ್ಲಿ.

ಮಡಗಾಂವ್ ತಾಯಿ

ಇಲ್ಲಿ ಎಲ್ಲರೂ ಗಂಡುಮಕ್ಕಳ ಜಿಗಿತ, ತೂಕ ಬರೆದಿದ್ದೀರಿ. ನನ್ನ ಮಗಳದ್ದು ಎಸಿಎಲ್, ಮೊಣಕಾಲಿನೊಳಗಿನ ಕಟ್ಟುನಾರು ಹರಿದದ್ದು. ಆಪರೇಷನ್ 2,40,000, ಫಿಜಿಯೊ 70 ಸಲ, ಸಲಕ್ಕೆ 600ರಂತೆ 42,000. ಆರು ತಿಂಗಳು ಹತ್ತು ದಿನಕ್ಕೆ ತರಬೇತುದಾರರು ಇಳಿಸಿದರು. ಎಂಟನೇ ತಿಂಗಳಲ್ಲಿ ಅದೇ ಮೊಣಕಾಲು ಮತ್ತೆ ಹರಿಯಿತು. ಒಂಬತ್ತು ತಿಂಗಳಿಗೆ ಮೊದಲು ಇಳಿಸಲೇಬಾರದು, ತೊಡೆಯ ಮುಂದಿನ ಸ್ನಾಯುವಿನ ಬಲ ಇನ್ನೊಂದು ಕಾಲಿನ ಶೇ. 90 ಮುಟ್ಟಿರಬೇಕು. ಇದು ನನಗೆ ಎರಡನೇ ಆಪರೇಷನ್ ಆದಮೇಲೆ ಗೊತ್ತಾಯಿತು. ಜಿಗಿದವರು ಇಳಿಯುವಾಗ ಮೊಣಕಾಲು ಒಳಕ್ಕೆ ವಾಲುತ್ತದೆಯೇ ಅಂತ ಮೊಬೈಲಿನಲ್ಲಿ ಎದುರಿನಿಂದ ವಿಡಿಯೊ ಮಾಡಿ ನೋಡಿ. 30 ಸೆಂ.ಮೀ. ಪೆಟ್ಟಿಗೆಯಿಂದ ಇಳಿಸಿದರೆ ಸಾಕು, ಕಂಡುಬಿಡುತ್ತದೆ.

ಥಾಣೆ ವೆಸ್ಟ್

ಹುಡುಗಿಯರ ವಿಷಯ ಬೇರೆ, ಇಲ್ಲಿ ಹುಡುಗನ ಪ್ರಶ್ನೆ.

ಮಡಗಾಂವ್ ತಾಯಿ

ಮೊಣಕಾಲಿಗೆ ಹುಡುಗ ಹುಡುಗಿ ಅಂತ ಇಲ್ಲ. ಹುಡುಗಿಯರಿಗೆ ಅಪಾಯ ಹೆಚ್ಚು, ಹುಡುಗರಿಗೆ ಇಲ್ಲವೇ ಇಲ್ಲ ಅಂತಲ್ಲ. ನಿಮ್ಮ ಮಗನ ಎತ್ತರ ಸರಿಯಾಗಿ ಬಂತು ಅಂತ ಉಳಿದವರ ನೋವು ಸಣ್ಣದಾಗುವುದಿಲ್ಲ.

ಮುಲುಂಡ್ 80

ಅದೂ ಅಲ್ಲದೆ ಮೂಳೆ ವಯಸ್ಸು ಬಂದ ಕೂಡಲೇ ತೀರ್ಪು ಅಲ್ಲ. ಯಾನಿಸ್ ಅಂಟೆಟೊಕುಂಪೊ 2013ರಲ್ಲಿ 18 ತುಂಬಿ ಎನ್‌ಬಿಎಗೆ 15ನೆಯವನಾಗಿ ಆಯ್ಕೆಯಾದಾಗ 6 ಅಡಿ 9 ಇಂಚು, ಆಮೇಲೂ ಬೆಳೆದು 6 ಅಡಿ 11 ಆದ. ಥಾಣೆಯವರ ಮಗನ ತಂಡದ 16ರೊಳಗಿನ ಪಂದ್ಯಗಳಲ್ಲಿ ಗಡ್ಡ ಬಂದವರು ಎಷ್ಟಿದ್ದರು ಅಂತ ನೋಡಿದವರಿಗೆ ಗೊತ್ತು.

ಥಾಣೆ ವೆಸ್ಟ್

ಮಾತು ಹಿಂದೆ ತಗೊಳ್ಳಿ. ನನ್ನ ಮಗನ ಜನನ ಪ್ರಮಾಣಪತ್ರವೂ ಎಕ್ಸ್‌ರೇಯೂ ನನ್ನ ಹತ್ತಿರ ಉಂಟು. ವಯಸ್ಸು ಕದ್ದವರಿಂದ ಅವನು ಎರಡು ವರ್ಷ ಬೆಂಚಿನಲ್ಲಿ ಕೂತವನು.

ಪುಣೆ ಫಿಜಿಯೊ

ವಯಸ್ಸು ಕದಿಯುವುದರ ಪೆಟ್ಟು ಬೀಳುವುದು ತಡವಾಗಿ ಬೆಳೆಯುವ ಹುಡುಗರಿಗೆ. 14ಕ್ಕೆ ಗಡ್ಡ ಬಂದವನನ್ನು ರಿಂಗಿನ ಕೆಳಗೆ ನಿಲ್ಲಿಸುತ್ತಾರೆ, ಸಣ್ಣವನನ್ನು ಮನೆಗೆ ಕಳಿಸುತ್ತಾರೆ. ಆಂಥೊನಿ ಡೇವಿಸ್ ಹೈಸ್ಕೂಲಿನ ಮೊದಲ ವರ್ಷಗಳಲ್ಲಿ ಗಾರ್ಡ್ (ರಿಂಗಿನಿಂದ ದೂರ ನಿಂತು ಚೆಂಡು ಆಡಿಸುವವನು) ಆಡುತ್ತಿದ್ದ, ಆಮೇಲೆ ಅರ್ಧ ಅಡಿಗೂ ಹೆಚ್ಚು ಬೆಳೆದು 6 ಅಡಿ 10 ಆದ. ಗಾರ್ಡ್ ಆಗಿ ಕಲಿತ ಕೈಚಳಕ ಉಳಿಯಿತು. 193ರ ಹುಡುಗನನ್ನು ರಿಂಗಿನ ಕೆಳಗೆ ಮಾತ್ರ ನಿಲ್ಲಿಸುವ ತಂಡವಾದರೆ ಕಳಿಸಬೇಡಿ. ಇಲ್ಲಿ ಅವನು ಎತ್ತರದವನು, ವೃತ್ತಿಪರ ಮಟ್ಟದಲ್ಲಿ ಅದು ಗಾರ್ಡ್‌ನ ಎತ್ತರ. ಚೆಂಡು ತಟ್ಟಿಕೊಂಡು ಬರಲು ಯಾರು ಕಲಿಸುತ್ತಾರೆ ಅಂತ ಕೇಳಿ.

ಸಾಯನ್ ಎಕೊ

ಇಷ್ಟು ಜನ ಬರೆದರೂ ಒಬ್ಬರೂ ಮೊದಲ ಸಾಲು ನೋಡಿಲ್ಲ. ಎತ್ತರ 193, ಚಾಚಿದ ಕೈ 203. ಭಾಗಿಸಿದರೆ 1.05 ದಾಟುತ್ತದೆ. ತೂಕ 71. ಅಪ್ಪ ಅಮ್ಮನಿಂದ ಬರಬೇಕಾದ್ದಕ್ಕಿಂತ ಬಹಳ ಎತ್ತರ. ಬಾಸ್ಕೆಟ್‌ಬಾಲ್ ಆಟಗಾರರಲ್ಲಿ ಉದ್ದ ಕೈ ಸಾಮಾನ್ಯ, ಹೆಚ್ಚಿನವರಿಗೆ ಏನೂ ಇರುವುದಿಲ್ಲ. ಆದರೂ ಮಾರ್ಫಾನ್ (ಹೃದಯದಿಂದ ಹೊರಡುವ ಮಹಾಧಮನಿಯನ್ನು ದುರ್ಬಲ ಮಾಡಬಲ್ಲ ಹುಟ್ಟಿನಿಂದಲೇ ಬರುವ ತೊಂದರೆ) ಇಲ್ಲ ಅಂತ ಖಾತ್ರಿ ಮಾಡಿಕೊಳ್ಳದೆ ಯಾವ ಒಪ್ಪಂದಕ್ಕೂ ಸಹಿ ಹಾಕಬೇಡಿ.

ಮನೆಯಲ್ಲೇ ಎರಡು ನೋಡಿ. ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿ ಮುಷ್ಟಿ ಕಟ್ಟಿಸಿ. ಕಿರುಬೆರಳಿನ ಕಡೆಯಿಂದ ಹೆಬ್ಬೆರಳ ಉಗುರು ಪೂರ್ತಿ ಹೊರಗೆ ಬರುತ್ತದೆಯೇ? ಹೆಬ್ಬೆರಳು, ಕಿರುಬೆರಳಿನಿಂದ ಇನ್ನೊಂದು ಮಣಿಕಟ್ಟನ್ನು ಸುತ್ತಿ ಹಿಡಿಸಿ. ಎರಡೂ ಉಗುರು ಒಂದರ ಮೇಲೊಂದು ಬರುತ್ತದೆಯೇ? ಬಂದರೂ ಬರದಿದ್ದರೂ ಒಮ್ಮೆ ಇಸಿಜಿ ಮತ್ತು ಎಕೊ (ಹೃದಯದ ಸ್ಕ್ಯಾನ್) ಮಾಡಿಸಿ. ಮಹಾಧಮನಿಯ ಬುಡದ ಅಳತೆಯನ್ನು ಮೈಯ ಗಾತ್ರಕ್ಕೆ ಹೊಂದಿಸಿ ಬರೆದುಕೊಡಿ ಅಂತ ಕೇಳಿ, ಬರೀ 'ನಾರ್ಮಲ್' ಅಂತ ಬರೆದ ಚೀಟಿ ಸಾಲದು. ಕಣ್ಣಿನ ಲೆನ್ಸ್ ಜರುಗಿದೆಯೇ ಅಂತಲೂ ನೋಡಿಸಿ.

2014ರಲ್ಲಿ ಬೇಲರ್ ವಿಶ್ವವಿದ್ಯಾಲಯದ ಐಸಾಯಾ ಆಸ್ಟಿನ್‌ಗೆ ಎನ್‌ಬಿಎ ಆಯ್ಕೆಗೆ ಕೆಲವೇ ದಿನ ಇರುವಾಗ ಇದು ಪತ್ತೆಯಾಯಿತು. ವಾಲಿಬಾಲ್‌ನ ಫ್ಲೋ ಹೈಮನ್‌ಗೆ ಪತ್ತೆಯೇ ಆಗಿರಲಿಲ್ಲ, 1986ರಲ್ಲಿ ಜಪಾನಿನಲ್ಲಿ ಪಂದ್ಯದ ನಡುವೆ ಮಹಾಧಮನಿ ಹರಿದು ತೀರಿಕೊಂಡಳು. ಮಾರ್ಫಾನ್ ಇದ್ದವರಿಗೆ ಭಾರ ಎತ್ತಿ ಉಸಿರು ಕಟ್ಟುವುದೇ ಅಪಾಯ. ಮೇಲೆ ಬರೆದ ಲೆಗ್ ಪ್ರೆಸ್, ಸ್ಕ್ವಾಟ್ ಎಲ್ಲ ಎಕೊ ಆದ ಮೇಲೆ.

ಪುಣೆ ಫಿಜಿಯೊ

ಒಪ್ಪಿದೆ. ಕೈಯ ಅಳತೆ ಕಣ್ಣೆದುರೇ ಇತ್ತು, ನಾನು ಮೊಣಕಾಲು ಮಾತ್ರ ನೋಡಿದೆ. ಎಕೊ ಮೊದಲು.

ಡೊಂಬಿವಿಲಿ ತಂದೆ

ಈಗಷ್ಟೇ ಮಗನ ಕೈ ನೋಡಿದೆ. ಹೆಬ್ಬೆರಳ ಉಗುರು ಅರ್ಧ ಮಾತ್ರ ಹೊರಗೆ ಬರುತ್ತದೆ, ಮಣಿಕಟ್ಟಿನಲ್ಲಿ ಬೆರಳುಗಳು ಬರೀ ತಾಗುತ್ತವೆ. ಆದರೂ ಗುರುವಾರ ಬೆಳಿಗ್ಗೆ ಎಕೊ ಹಾಕಿಸಿದ್ದೇನೆ, 2,200 ಹೇಳಿದ್ದಾರೆ. ಮಣಿಕಟ್ಟಿನ ಎಕ್ಸ್‌ರೇ ಅದೇ ದಿನ. ತಂಡದವರಿಗೆ 12 ಕೆ.ಜಿ. ಬದಲು 6 ಅಂತ ಬರೆದುಕೊಡಿ, ಜಿಗಿತ ಕಡಿಮೆಯಾಗಬಾರದು ಅನ್ನುವುದನ್ನೂ ಸೇರಿಸಿ ಅಂತ ಕೇಳಿದ್ದೇನೆ. ಉತ್ತರ ಬಂದಿಲ್ಲ. ಪ್ರಾಕ್ಟೀಸು ಇವತ್ತಿನಿಂದ ವಾರಕ್ಕೆ ನಾಲ್ಕೇ ದಿನ.

ಮುಲುಂಡ್ 80

ಉತ್ತರ ಬರಹದಲ್ಲೇ ತಗೊಳ್ಳಿ ಸರ್, ಫೋನಿನಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ. ಗಾಯವಾದರೆ ಆಪರೇಷನ್ ಖರ್ಚು ಯಾರದ್ದು ಅನ್ನುವ ಸಾಲು ಇದೆಯೇ? ನಮ್ಮದರಲ್ಲಿ ಇರಲಿಲ್ಲ. ಅವರು ಪುಡಿ ಏನಾದರೂ ಕೊಟ್ಟರೆ ಡಬ್ಬದ ಮೇಲಿನ ಪಟ್ಟಿಯ ಫೋಟೊ ತೆಗೆದು ಕಳಿಸಲು ಮಗನಿಗೆ ಹೇಳಿ. ಕೆಲವು ಪ್ರೀ-ವರ್ಕೌಟ್ ಪುಡಿಗಳಲ್ಲಿ ಹೈಜೆನಮಿನ್ ಇರುತ್ತದೆ, ಅದು ವಾಡಾ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) ನಿಷೇಧಿಸಿದ ವಸ್ತು. ಸಿಕ್ಕಿಬಿದ್ದರೆ ಹೊಣೆ ಹುಡುಗನದ್ದೇ, ಪುಡಿ ಯಾರೇ ಕೊಟ್ಟಿರಲಿ.

ಥಾಣೆಯವರೆ, ಗಡ್ಡದ ಮಾತು ನಿಮ್ಮ ಮಗನ ಬಗ್ಗೆ ಆಡಬಾರದಿತ್ತು. ಹಿಂದೆ ತಗೊಂಡೆ.

ಥಾಣೆ ವೆಸ್ಟ್

ಆಯ್ತು. ಮಡಗಾಂವ್ ಅಕ್ಕ, ನಾನು ಬರೆದದ್ದೂ ಸರಿಯಿರಲಿಲ್ಲ. ಪೆಟ್ಟಿಗೆಯಿಂದ ಇಳಿಸಿ ವಿಡಿಯೊ ಮಾಡಿದೆ. ನನ್ನವನ ಬಲ ಮೊಣಕಾಲು ಒಳಗೆ ಬರ್ತದೆ, ಚೆನ್ನಾಗಿಯೇ ಕಾಣ್ತದೆ. ಮಗಳಿಗೆ ಯಾವ ವ್ಯಾಯಾಮ ಕೊಟ್ಟಿದ್ದರು, ದಿನಕ್ಕೆಷ್ಟು, ಸ್ವಲ್ಪ ಬರೀತೀರಾ?

ಮಡಗಾಂವ್ ತಾಯಿ

ಪಕ್ಕೆಗೆ ಮಲಗಿ ಮೊಣಕಾಲ ಮೇಲೆ ರಬ್ಬರ್ ಪಟ್ಟಿ ಹಾಕಿ ಕಾಲು ಎತ್ತುವುದು, 15 ಸಲ, ಮೂರು ಸೆಟ್. ಕನ್ನಡಿ ಎದುರು ಒಂಟಿ ಕಾಲಿನ ಸ್ಕ್ವಾಟ್, 8 ಸಲ, ಮೂರು ಸೆಟ್. ಮೊಣಕಾಲು ಎರಡನೇ ಬೆರಳಿನ ನೇರಕ್ಕೇ ಇರಬೇಕು, ತಪ್ಪಿದ್ದನ್ನು ಎಣಿಸಬಾರದು. ಮೊಣಕಾಲೂರಿ ಕೂತು ಹಿಮ್ಮಡಿ ಯಾರಾದರೂ ಹಿಡಿದುಕೊಂಡು ನಿಧಾನ ಮುಂದಕ್ಕೆ ಬಾಗುವುದು, ಮೊದಲ ವಾರ 5 ಸಲ, ಎರಡು ಸೆಟ್ ಮಾತ್ರ, ಹೆಚ್ಚಾದರೆ ತೊಡೆಯ ಹಿಂಭಾಗ ಎರಡು ದಿನ ಹಿಡಿದುಕೊಳ್ಳುತ್ತದೆ. ವಾರಕ್ಕೆ ಮೂರು ದಿನ, ಪ್ರಾಕ್ಟೀಸಿಗೆ ಮೊದಲು. ಪೆಟ್ಟಿಗೆಯ ವಿಡಿಯೊವನ್ನು ಆರು ವಾರಕ್ಕೊಮ್ಮೆ ಅದೇ ಜಾಗದಲ್ಲಿ, ಅದೇ ಶೂ ಹಾಕಿಸಿ ತೆಗೆಯಿರಿ.