ನಾಲ್ವರ ಡಿಫೆನ್ಸ್‌ನಿಂದ ಮೂವರಿಗೆ: ಇರುವ ಹುಡುಗರನ್ನೇ ಎಲ್ಲೆಲ್ಲಿ ನಿಲ್ಲಿಸಲಿ?

ಟಚ್‌ಲೈನ್ ಬರೆದಿದ್ದು:

ನಾನು ಒಂದು ಹವ್ಯಾಸಿ ಫುಟ್‌ಬಾಲ್ ತಂಡದ ಕೋಚ್. ಮೂರು ವರ್ಷದಿಂದ 4-4-2 (ಹಿಂದೆ ನಾಲ್ವರು ಡಿಫೆಂಡರ್, ನಡುವೆ ನಾಲ್ವರು, ಮುಂದೆ ಇಬ್ಬರು) ಆಡಿಸುತ್ತಿದ್ದೇನೆ. ಮುಂದಿನ ಸೀಸನ್‌ಗೆ 3-5-2 (ಹಿಂದೆ ಮೂವರು, ನಡುವೆ ಐವರು, ಮುಂದೆ ಇಬ್ಬರು) ಮಾಡೋಣ ಅಂತ ತಲೆಯಲ್ಲಿ ಕೂತಿದೆ. ಹೊಸಬರು ಯಾರೂ ಬರುವುದಿಲ್ಲ, ಇರುವ 18 ಜನರಲ್ಲೇ ಆಗಬೇಕು. ಆರು ವಾರ ಸಮಯ ಇದೆ. ವಾರಕ್ಕೆ ಎರಡು ದಿನ ಅಭ್ಯಾಸ.

ಯಾಕೆ ಬದಲಾವಣೆ ಅಂದ್ರೆ, ಕೊನೆಯ ಎಂಟು ಪಂದ್ಯಗಳಲ್ಲಿ 17 ಗೋಲು ಬಿಟ್ಟೆವು. ಎಲ್ಲವನ್ನೂ ವಿಡಿಯೊದಲ್ಲಿ ನೋಡಿದೆ. 9 ಗೋಲು ಹೆಚ್ಚುಕಮ್ಮಿ ಒಂದೇ ಥರ. ಎದುರಾಳಿಯ ವಿಂಗರ್ (ಸೈಡಿನಿಂದ ದಾಳಿ ಮಾಡುವವನು) ಬಾಲ್ ಹಿಡಿಯುತ್ತಾನೆ, ನಮ್ಮ ಫುಲ್‌ಬ್ಯಾಕ್ (ಸೈಡಿನ ಡಿಫೆಂಡರ್) ಅವನ ಮೇಲೆ ಹೋಗುತ್ತಾನೆ, ಫುಲ್‌ಬ್ಯಾಕ್‌ಗೂ ಸ್ಟಾಪರ್‌ಗೂ (ನಡುವಿನ ಡಿಫೆಂಡರ್) ನಡುವೆ ಗ್ಯಾಪ್ ಬೀಳುತ್ತದೆ, ಅಲ್ಲಿಗೆ ಅವರ ಮಿಡ್‌ಫೀಲ್ಡರ್ ಒಬ್ಬ ನುಗ್ಗಿ ಬಾಲ್ ಹಿಂದಕ್ಕೆ ಎಳೆದುಕೊಡುತ್ತಾನೆ. ಗ್ಯಾಪ್ ಮುಚ್ಚೋಕೆ ಸ್ಟಾಪರ್ ಹೊರಗೆ ಹೋದ ಅಂದರೆ ಬಾಕ್ಸ್ ಒಳಗೆ ಇನ್ನೊಬ್ಬ ಸ್ಟಾಪರ್ ಒಬ್ಬನೇ ಉಳಿಯುತ್ತಾನೆ. ಮೂರನೇ ಸ್ಟಾಪರ್ ಇದ್ದಿದ್ದರೆ ಅಂತ ಪ್ರತಿ ಸಲ ಅನ್ನಿಸಿತು.

ಹುಡುಗರ ವಿಷಯ. ಸ್ಟಾಪರ್‌ಗಳು ಮೂವರು. ಒಬ್ಬ ಎತ್ತರ, ಹೆಡರ್ ಚೆನ್ನಾಗಿ ಹೊಡೆಯುತ್ತಾನೆ, ಇಡೀ ಪಂದ್ಯ ಕೂಗಿ ಮಾತಾಡುತ್ತಾನೆ, ಆದರೆ ನಿಧಾನ. ಇನ್ನೊಬ್ಬ ಬಲಗಾಲಿನವನು, ವೇಗ ಇದೆ, ಸುಮ್ನೆ ಟ್ಯಾಕಲ್‌ಗೆ ಬಿದ್ದುಬಿಡುತ್ತಾನೆ. ಮೂರನೆಯವನು ಎಡಗಾಲಿನವನು, ಚಿಕ್ಕ ವಯಸ್ಸು, ಪಾಸ್ ಚೆಂದ, ಈವರೆಗೆ ಬೆಂಚಿನಲ್ಲಿದ್ದ. ರೈಟ್ ಬ್ಯಾಕ್ ಬುದ್ಧಿವಂತ, ತಪ್ಪು ಕಮ್ಮಿ, ಆದರೆ ಮೇಲೆ-ಕೆಳಗೆ ಓಡುವ ಉಸಿರು ಈಗ ಇಲ್ಲ. ಲೆಫ್ಟ್ ಬ್ಯಾಕ್ ಕುದುರೆ ಥರ ಓಡುತ್ತಾನೆ, ಒಬ್ಬರ ಎದುರು ಒಬ್ಬರಾದರೆ ಮಾತ್ರ ಸೋಲುತ್ತಾನೆ. ರೈಟ್ ವಿಂಗರ್ ದುಡಿಯುವ ಹುಡುಗ. ಲೆಫ್ಟ್ ವಿಂಗರ್ ನಮ್ಮ ಅತ್ಯಂತ ಒಳ್ಳೆಯ ಆಟಗಾರ, ಬಾಲ್ ಕಾಲಿಗೆ ಅಂಟಿಕೊಂಡಿರುತ್ತೆ, ಆದರೆ ಹಿಂದೆ ಓಡಿ ಬರುವುದಿಲ್ಲ. ಮಿಡ್‌ಫೀಲ್ಡ್‌ನಲ್ಲಿ ಮೂವರು ಪರವಾಗಿಲ್ಲ. ಸ್ಟ್ರೈಕರ್ ಇಬ್ಬರು.

3-5-2ರಲ್ಲಿ ವಿಂಗರ್‌ಗೆ ಜಾಗವೇ ಇಲ್ಲವಲ್ಲ, ನಮ್ಮ ಒಳ್ಳೆಯ ಹುಡುಗನನ್ನು ಏನು ಮಾಡಲಿ? ರೈಟ್ ಬ್ಯಾಕ್‌ನ ಕಥೆ ಏನು? ಇದೆಲ್ಲ ಆರು ವಾರದಲ್ಲಿ ಆಗುವ ಕೆಲಸವಾ?

ಹಳೇ ಸ್ಟಾಪರ್:

ಆಗುತ್ತೆ. ನೀವು ಬರೆದ ಪಟ್ಟಿ ಓದುವಾಗಲೇ ನನಗೆ ಇಂಗ್ಲೆಂಡಿನ ಚೆಲ್ಸಿ ಕ್ಲಬ್ ನೆನಪಾಯಿತು. 2016ರ ಸೆಪ್ಟೆಂಬರ್ 24ರಂದು ಆರ್ಸೆನಲ್ ಎದುರು 3-0 ಸೋಲುತ್ತಿದ್ದಾಗ, ದ್ವಿತೀಯಾರ್ಧದಲ್ಲಿ ಅವರ ಕೋಚ್ ಕಾಂಟೆ ಮೂವರ ಡಿಫೆನ್ಸ್‌ಗೆ ಹೋದರು. ಮುಂದಿನ ಪಂದ್ಯದಿಂದ ಅದೇ ಆಟ. ಲೀಗ್‌ನಲ್ಲಿ ಸತತ 13 ಗೆಲುವು, ಮೊದಲ ಆರರಲ್ಲಿ ಒಂದೂ ಗೋಲು ಬಿಡಲಿಲ್ಲ, ಕೊನೆಗೆ ಚಾಂಪಿಯನ್ ಆದರು. ಅಲ್ಲಿ ನೋಡಬೇಕಾದ್ದು ಯಾರು ಎಲ್ಲಿ ನಿಂತರು ಅನ್ನೋದು. ಅಸ್ಪಿಲಿಕ್ಯೂಟ ಫುಲ್‌ಬ್ಯಾಕ್ ಆಗಿದ್ದವನು, ಮೂವರಲ್ಲಿ ಬಲಗಡೆಯವನಾದ. ವಿಕ್ಟರ್ ಮೋಸೆಸ್ ಹಿಂದಿನ ಮೂರು ಸೀಸನ್ ಬೇರೆ ಬೇರೆ ಕ್ಲಬ್‌ಗಳಿಗೆ ಸಾಲಕ್ಕೆ ಹೋಗಿದ್ದ ವಿಂಗರ್, ರೈಟ್ ವಿಂಗ್ ಬ್ಯಾಕ್ (ಸೈಡಿನುದ್ದಕ್ಕೂ ಒಬ್ಬನೇ ದಾಳಿಗೂ ರಕ್ಷಣೆಗೂ ಓಡುವವನು) ಆದ. ಅವರ ದಾಳಿಯ ಆಟಗಾರ ಹಜಾರ್ಡ್‌ಗೆ ಪದೇ ಪದೇ ಹಿಂದೆ ಓಡುವ ಕೆಲಸ ತಪ್ಪಿತು.

ಈಗ ನಿಮ್ಮ ತಂಡ ನೋಡಿ. ಮೂವರ ಬಲಗಡೆಗೆ ನಿಮ್ಮ ರೈಟ್ ಬ್ಯಾಕ್. ಉಸಿರು ಬೇಕಾಗಿಲ್ಲ, ಬುದ್ಧಿ ಸಾಕು. ಸೈಡ್‌ಲೈನ್ ಹತ್ತಿರ ವಿಂಗರ್‌ಗಳನ್ನು ಎದುರಿಸಿ ಅಭ್ಯಾಸ ಇದೆ, ಹೊರಗೆ ಎಳೆದರೂ ಗಾಬರಿಯಾಗುವುದಿಲ್ಲ. ನಡುವೆ ಆ ಎತ್ತರದ ಹುಡುಗ. ನಿಧಾನ ಅಂತ ಹೆದರಬೇಡಿ, ನಡುವೆ ನಿಲ್ಲುವವನು ಅಕ್ಕಪಕ್ಕದವರ ಬೆನ್ನು ಕಾಯುತ್ತಾನೆ, ಅವನು ಜಾಸ್ತಿ ದೂರ ಓಡಬೇಕಿಲ್ಲ. 2017ರ ಎಫ್‌ಎ ಕಪ್ ಫೈನಲ್‌ನಲ್ಲಿ ಆರ್ಸೆನಲ್‌ನ ಸ್ಟಾಪರ್ ಮೆರ್ಟೆಸಾಕರ್ ಆಡಿದ್ದು ಅಲ್ಲೇ. ಆ ಸೀಸನ್‌ನಲ್ಲಿ ಆತ ಮೊದಲ ಹನ್ನೊಂದರಲ್ಲಿ ಇಳಿದ ಮೊದಲ ಪಂದ್ಯವೇ ಅದು, ಎಂದೂ ವೇಗದವನಲ್ಲ, ಎದುರಿಗೆ ಅದೇ ಚಾಂಪಿಯನ್ ಚೆಲ್ಸಿ. ಆರ್ಸೆನಲ್ 2-1 ಗೆದ್ದಿತು. ಮಾತಾಡಿ ಮಾತಾಡಿ ಇಡೀ ಸಾಲನ್ನು ಹಿಡಿದಿಟ್ಟ ಆಟ ಅದು. ನಾನು ಅದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಎಡಗಡೆಗೆ ಆ ಎಡಗಾಲಿನ ಚಿಕ್ಕ ಹುಡುಗ. ಇದರಲ್ಲಿ ರಾಜಿ ಬೇಡ. ಎಡಗಡೆ ಬಲಗಾಲಿನವನನ್ನು ನಿಲ್ಲಿಸಿದರೆ ಪ್ರತಿ ಪಾಸ್‌ಗೂ ಒಳಗೆ ತಿರುಗುತ್ತಾನೆ, ಒತ್ತಡ ಹಾಕುವವರಿಗೆ ಅದೇ ಬೇಕು. ಟ್ಯಾಕಲ್‌ಗೆ ಬೀಳುವ ವೇಗದ ಹುಡುಗ ಸದ್ಯಕ್ಕೆ ಬೆಂಚಿನಲ್ಲಿರಲಿ.

ಲೆಫ್ಟ್ ವಿಂಗ್ ಬ್ಯಾಕ್ ನಿಮ್ಮ ಕುದುರೆ, ರೈಟ್ ವಿಂಗ್ ಬ್ಯಾಕ್ ಆ ದುಡಿಯುವ ವಿಂಗರ್. ಒಳ್ಳೆಯ ಹುಡುಗ ಎರಡನೇ ಸ್ಟ್ರೈಕರ್, ಎಡಗಡೆಗೆ ವಾಲಿಕೊಂಡು. ಬಾಲ್ ಕಳೆದುಕೊಂಡಾಗ ಅವನಿಗೆ ಒಂದೇ ಕೆಲಸ ಕೊಡಿ: ಎದುರಾಳಿಯ ಸ್ಟಾಪರ್‌ನಿಂದ ನಡುವಿನ ಮಿಡ್‌ಫೀಲ್ಡರ್‌ಗೆ ಹೋಗುವ ಪಾಸ್‌ಗೆ ಅಡ್ಡ ನಿಲ್ಲುವುದು. ಇದಕ್ಕೆ ಹಿಂದೆ ಓಡುವುದು ಬೇಡ, ನಿಂತರೆ ಸಾಕು.

ಎಡಗಾಲು:

ನನಗೆ ಒಪ್ಪಿಗೆ ಇಲ್ಲ. ಯಾಕೆ ಅಂತ ಹೇಳುತ್ತೇನೆ.

ಗೋಲು ಬಿದ್ದ ಜಾಗ ನೋಡಿ ಡಿಫೆಂಡರ್ ಸೇರಿಸುತ್ತಿದ್ದೀರಿ. ಆದರೆ ಗ್ಯಾಪ್‌ಗೆ ನುಗ್ಗಿದ ಆ ಮಿಡ್‌ಫೀಲ್ಡರ್ ಹಿಂದೆ ನಿಮ್ಮವನು ಯಾರೂ ಓಡಲಿಲ್ಲ ಅಲ್ವಾ? ಅದು ಸ್ಟಾಪರ್‌ಗಳ ಲೆಕ್ಕದ ಸಮಸ್ಯೆ ಅಲ್ಲ. ನಿಮ್ಮ ಲೆಫ್ಟ್ ವಿಂಗರ್ ಹಿಂದೆ ಬರುವುದಿಲ್ಲ ಅಂತ ನೀವೇ ಬರೆದಿದ್ದೀರಿ. 9ರಲ್ಲಿ ಎಷ್ಟು ಗೋಲು ಅವನ ಕಡೆಯಿಂದ ಬಂದವು ಅಂತ ಮೊದಲು ಎಣಿಸಿ.

ಎರಡನೆಯದು, 3-5-2ರಲ್ಲಿ ಸೈಡಿನಲ್ಲಿ ನಿಮ್ಮವನು ಒಬ್ಬನೇ. ಎದುರಿನವರಿಗೆ ವಿಂಗರ್ ಇದ್ದಾನೆ, ಫುಲ್‌ಬ್ಯಾಕ್ ಇದ್ದಾನೆ, ಇಬ್ಬರು. ಫುಲ್‌ಬ್ಯಾಕ್ ಬಾಲ್ ಹಿಡಿದು ಮೇಲೆ ಬಂದಾಗ ಯಾರು ಹೋಗುತ್ತಾರೆ? ವಿಂಗ್ ಬ್ಯಾಕ್ ಹೋದರೆ ಅವನ ಬೆನ್ನ ಹಿಂದೆ ವಿಂಗರ್ ಖಾಲಿ, ಅವನನ್ನು ಹಿಡಿಯೋಕೆ ನಿಮ್ಮ ಸ್ಟಾಪರ್ ಮತ್ತೆ ಹೊರಗೆ. ವಿಂಗ್ ಬ್ಯಾಕ್ ಹೋಗದಿದ್ದರೆ ಐವರು ಬಾಕ್ಸ್ ಮುಂದೆ ಕೂತು 90 ನಿಮಿಷ ಕ್ರಾಸ್ (ಸೈಡಿನಿಂದ ಬಾಕ್ಸ್ ಒಳಗೆ ಹೊಡೆಯುವ ಬಾಲ್) ತಿನ್ನಬೇಕು.

ಚೆಲ್ಸಿ ಒಂದು ಉದಾಹರಣೆ ಸರಿ, ಮ್ಯಾಂಚೆಸ್ಟರ್ ಯುನೈಟೆಡ್ ಇನ್ನೊಂದು. 2024ರ ನವೆಂಬರ್‌ನಲ್ಲಿ ಅಮೊರಿಮ್ ಕೋಚ್ ಆಗಿ ಬಂದು ಸೀಸನ್ ಮಧ್ಯದಲ್ಲೇ ಮೂವರ ಡಿಫೆನ್ಸ್ ಶುರು ಮಾಡಿದರು. ಇದ್ದ ಆಟಗಾರರು ನಾಲ್ವರ ಡಿಫೆನ್ಸ್‌ಗೆ ಅಂತ ಸೇರಿಸಿದವರು. ಬಲಗಾಲಿನ ಡಾಲೊ ಎಷ್ಟೋ ಪಂದ್ಯಗಳಲ್ಲಿ ಲೆಫ್ಟ್ ವಿಂಗ್ ಬ್ಯಾಕ್ ಆಡಬೇಕಾಯಿತು. ಆ ಸೀಸನ್ ಮುಗಿದಾಗ ಲೀಗ್‌ನಲ್ಲಿ 15ನೇ ಸ್ಥಾನ. ದಿನಾ ಅಭ್ಯಾಸ ಮಾಡುವ ತಂಡಕ್ಕೇ ಅಷ್ಟು ಕಷ್ಟವಾದರೆ ವಾರಕ್ಕೆ ಎರಡು ದಿನ ಸೇರುವವರಿಗೆ? 4-4-2 ಇಟ್ಟುಕೊಂಡು ಹತ್ತಿರದ ಮಿಡ್‌ಫೀಲ್ಡರ್ ಆ ಗ್ಯಾಪ್‌ಗೆ ಇಳಿಯುವುದನ್ನು ಕಲಿಸಿ. ಎರಡು ವಾರದ ಕೆಲಸ.

ಟಚ್‌ಲೈನ್:

ಎಡಗಾಲು ಅವರು ಹೇಳಿದ ಹಾಗೆ ಎಣಿಸಿದೆ. 9ರಲ್ಲಿ 6 ನಮ್ಮ ಎಡಗಡೆಯಿಂದ. ಇದನ್ನು ನಾನೇ ನೋಡಬೇಕಿತ್ತು, ಸ್ಟಾಪರ್‌ಗಳ ಮೇಲೆಯೇ ಕಣ್ಣು ಇತ್ತು.

ಮಿಡ್‌ಫೀಲ್ಡರ್ ಇಳಿಯುವುದನ್ನು ಕಳೆದ ಸೀಸನ್‌ನಲ್ಲೇ ಪ್ರಯತ್ನ ಮಾಡಿದ್ದೆ. 4-4-2ರಲ್ಲಿ ನಡುವೆ ಇಬ್ಬರೇ, ಒಬ್ಬ ಇಳಿದರೆ ಬಾಕ್ಸ್ ಮುಂದೆ ಇನ್ನೊಬ್ಬನೇ ಉಳಿದು ಅಲ್ಲಿಂದ ಹೊಡೆತ ತಿಂದೆವು. ಲೆಫ್ಟ್ ವಿಂಗರ್‌ಗೆ ಹಿಂದೆ ಬಾ ಅಂತ ಎರಡು ವರ್ಷ ಹೇಳಿದ್ದೇನೆ. ಬಂದ ದಿನ ಮುಂದೆ ಅವನ ಆಟವೇ ಇರಲಿಲ್ಲ. ಅವನಿಗೆ ಮನಸ್ಸಿಲ್ಲ ಅಂತಲ್ಲ, ಎರಡೂ ಮಾಡುವ ದೇಹ ಅಲ್ಲ ಅದು. ಅದಕ್ಕೇ ಅವನನ್ನು ಮೇಲೆ ಬಿಡುವ ಮಾತು ನನಗೆ ಹಿಡಿಸಿತು. ಆದರೆ ಸೈಡಿನಲ್ಲಿ ಇಬ್ಬರಿಗೆ ಒಬ್ಬ ಅನ್ನುವ ಪ್ರಶ್ನೆಗೆ ಉತ್ತರ ಬೇಕು.

ಹಳೇ ಸ್ಟಾಪರ್:

ಆ ಪ್ರಶ್ನೆ ಸರಿಯಾದದ್ದೇ. 3-5-2 ಕುಸಿದು ಬೀಳುವುದು ಸಾಮಾನ್ಯವಾಗಿ ಅಲ್ಲೇ.

ಎದುರಾಳಿ ಫುಲ್‌ಬ್ಯಾಕ್ ಮೇಲೆ ನಿಮ್ಮ ಮೂವರು ಮಿಡ್‌ಫೀಲ್ಡರ್‌ಗಳಲ್ಲಿ ಆ ಕಡೆಯವನು ಹೋಗಬೇಕು, ಉಳಿದಿಬ್ಬರು ಅವನ ಹಿಂದೆಯೇ ಆ ಕಡೆಗೆ ಜರುಗಬೇಕು. ವಿಂಗ್ ಬ್ಯಾಕ್ ವಿಂಗರ್ ಹತ್ತಿರವೇ ಇರುತ್ತಾನೆ. ಹೀಗೆ ಮಾಡಿದರೆ ಆ ಸೈಡಿನಲ್ಲಿ ನೀವೂ ಇಬ್ಬರು, ಹಿಂದೆ ಮೂವರೂ ಜಾಗದಲ್ಲೇ. ಬೆಲೆ ಎಲ್ಲಿ ತೆರಬೇಕು ಅಂದ್ರೆ ಆಚೆ ಕಡೆ. ಬಾಲ್ ಉದ್ದಕ್ಕೆ ಆ ಕಡೆ ಹೋದರೆ ಅಲ್ಲಿನ ಫುಲ್‌ಬ್ಯಾಕ್ ಪೂರ್ತಿ ಖಾಲಿ. ಆಗ ಮಾತ್ರ ಆ ಕಡೆಯ ವಿಂಗ್ ಬ್ಯಾಕ್ ಮೇಲೆ ಜಿಗಿಯಬೇಕು, ಬಾಲ್ ಗಾಳಿಯಲ್ಲಿ ಇರುವಾಗಲೇ. ನೆಲಕ್ಕೆ ಬಿದ್ದ ಮೇಲೆ ಹೊರಟರೆ ತಡವಾಯಿತು. ಅವನು ಜಿಗಿದಾಗ ಬೆನ್ನ ಹಿಂದಿನ ವಿಂಗರ್‌ನನ್ನು ಸೈಡಿನ ಸ್ಟಾಪರ್ ಹಿಡಿಯುತ್ತಾನೆ, ಉಳಿದಿಬ್ಬರು ಸ್ಟಾಪರ್ ಮತ್ತು ದೂರದ ವಿಂಗ್ ಬ್ಯಾಕ್ ಒಳಗೆ ಮುಚ್ಚಿಕೊಂಡು ಮತ್ತೆ ನಾಲ್ವರ ಸಾಲು ಆಗುತ್ತದೆ. ಅಂದರೆ ನಿಮ್ಮ ಹುಡುಗರಿಗೆ ಗೊತ್ತಿರುವ ನಾಲ್ವರ ಡಿಫೆನ್ಸ್ ಎಲ್ಲೂ ಹೋಗುವುದಿಲ್ಲ, ಬಾಲ್ ಎಲ್ಲಿದೆ ಅನ್ನುವುದರ ಮೇಲೆ ಆ ನಾಲ್ವರು ಯಾರು ಅನ್ನುವುದು ಬದಲಾಗುತ್ತದೆ. ಹುಡುಗರಿಗೆ ಹೀಗೇ ಹೇಳಿ. ಹೊಸದನ್ನು ಕಲಿಯುತ್ತಿದ್ದೇವೆ ಅನ್ನುವ ಭಯ ಕಮ್ಮಿಯಾಗುತ್ತೆ.

ಅಭ್ಯಾಸಕ್ಕೆ: ಮೊದಲ ವಾರ ಬಾಲ್ ಇಲ್ಲದೆ ನಡೆಸಿ. ಮೂವರು ಸ್ಟಾಪರ್‌ಗಳ ಸೊಂಟಕ್ಕೆ ಹಗ್ಗ ಕಟ್ಟಿ, ಇಬ್ಬರ ನಡುವೆ ಎಂಟು-ಹತ್ತು ಹೆಜ್ಜೆ. ನೀವು ಕೈ ತೋರಿಸಿದ ಕಡೆಗೆ ಮೂವರೂ ಒಟ್ಟಿಗೆ ಜರುಗಬೇಕು, ಹಗ್ಗ ಬಿಗಿಯಾಗಬಾರದು, ನೆಲಕ್ಕೂ ಬೀಳಬಾರದು. ಹುಡುಗರಿಗೆ ಬೇಜಾರಾಗುತ್ತೆ, ಆದರೂ ಬಿಡಬೇಡಿ. ಎರಡನೇ ವಾರದಿಂದ ಐವರ ಸಾಲಿನ ಎದುರು ಆರು ಜನ ದಾಳಿ ಮಾಡಲಿ, ಪ್ರತಿ ದಾಳಿ ಸೈಡಿನಿಂದಲೇ ಶುರುವಾಗಲಿ. ಮಿಡ್‌ಫೀಲ್ಡ್ ಮೂವರನ್ನು ಮೂರನೇ ವಾರ ಸೇರಿಸಿ.

ಇನ್ನೊಂದು. ಎದುರಿಗೆ ಒಬ್ಬನೇ ಸ್ಟ್ರೈಕರ್ ಇದ್ದರೆ ಮೂವರು ಸ್ಟಾಪರ್ ಅವನನ್ನೇ ಕಾಯುತ್ತಾ ನಿಂತರೆ ವ್ಯರ್ಥ. ಆಗ ಆ ಎಡಗಾಲಿನ ಹುಡುಗ ಬಾಲ್ ತಗೊಂಡು ಮಿಡ್‌ಫೀಲ್ಡ್‌ಗೆ ನಡೆಯಲಿ. ಇಟಲಿಯ ಇಂಟರ್ ಕ್ಲಬ್‌ನಲ್ಲಿ ಎಡಗಡೆಯ ಸ್ಟಾಪರ್ ಬಾಸ್ಟೋನಿ ಹೇಗೆ ಮುಂದೆ ಹೋಗುತ್ತಿದ್ದ ನೋಡಲು ಹೇಳಿ ಅವನಿಗೆ.

ಎರಡನೇ ಉಸಿರು:

ನಾನು ನಾಲ್ಕು ಸೀಸನ್ ವಿಂಗ್ ಬ್ಯಾಕ್ ಆಡಿದವನು, ಮೊದಲು ವಿಂಗರ್ ಆಗಿದ್ದೆ. ಕೋಚ್‌ಗಳು ಮರೆಯುವ ವಿಷಯ ಒಂದಿದೆ.

ನನ್ನನ್ನು ಬದಲಾಯಿಸಿದಾಗ ಹೇಳಿದ್ದು ಇಷ್ಟೇ: ನೀನು ಅದೇ ವಿಂಗರ್, ಸ್ವಲ್ಪ ಹಿಂದಿನಿಂದ ಶುರು ಮಾಡು. ಅದು ಸುಳ್ಳು. ವಿಂಗರ್ ಆಗಿದ್ದಾಗ ದೂರದ ಪೋಸ್ಟ್‌ಗೆ ಗೋಲು ಹೊಡೆಯಲು ಓಡುತ್ತಿದ್ದೆ, ವಿಂಗ್ ಬ್ಯಾಕ್ ಆದ ಮೇಲೆ ಅದೇ ದೂರದ ಪೋಸ್ಟ್‌ನಲ್ಲಿ ನನಗಿಂತ ಒಂದು ಅಡಿ ಎತ್ತರದವನ ಜೊತೆ ಹೆಡರ್‌ಗೆ ನಿಲ್ಲಬೇಕಿತ್ತು. ಯಾರೂ ಕಲಿಸಿರಲಿಲ್ಲ. ಮೊದಲ ಮೂರು ಪಂದ್ಯಗಳಲ್ಲಿ ನಾನು ಬಾಲ್ ನೋಡುತ್ತಾ ನಿಂತೆ, ನನ್ನ ಬೆನ್ನ ಹಿಂದಿನಿಂದ ಬಂದು ಇಬ್ಬರು ಗೋಲು ಹೊಡೆದರು. ಡ್ರೆಸ್ಸಿಂಗ್ ರೂಮಿನಲ್ಲಿ ಎಲ್ಲರ ಮುಂದೆ ಬೈಸಿಕೊಂಡೆ. ಇವತ್ತಿಗೂ ಅದು ನೋವೇ.

ನಿಮ್ಮ ರೈಟ್ ವಿಂಗರ್‌ಗೆ ಮೊದಲ ದಿನವೇ ದೇಹ ಹೇಗೆ ತಿರುಗಿಸಿ ನಿಲ್ಲಬೇಕು ಅಂತ ತೋರಿಸಿ. ಅರ್ಧ ಮುಖ ಬಾಲ್ ಕಡೆ, ಅರ್ಧ ತನ್ನ ಆಳಿನ ಕಡೆ, ಕೈಯಿಂದ ಅವನನ್ನು ಮುಟ್ಟಿಕೊಂಡಿರಬೇಕು. ದಿನಕ್ಕೆ ಇಪ್ಪತ್ತು ಕ್ರಾಸ್ ಅವನ ತಲೆ ಮೇಲೆ ಬರಲಿ.

ದುಡಿಯುವವನಾದರೆ ಆಗುತ್ತೆ. 2014ರ ವಿಶ್ವಕಪ್‌ಗೆ ಮೊದಲೇ ಮಿಡ್‌ಫೀಲ್ಡರ್ ಸ್ಟ್ರೂಟ್‌ಮನ್ ಗಾಯಗೊಂಡ ಮೇಲೆ ಕೋಚ್ ವಾನ್ ಹಾಲ್ ನೆದರ್ಲೆಂಡ್ಸ್ ತಂಡವನ್ನು ಐವರ ಸಾಲಿಗೆ ತಂದರಲ್ಲ, ಆ ವಿಶ್ವಕಪ್‌ನಲ್ಲಿ ಡರ್ಕ್ ಕೌಟ್ ಎಂಬ ಫಾರ್ವರ್ಡ್ ವಿಂಗ್ ಬ್ಯಾಕ್ ಆಗಿ ನಿಂತ. ಆ ತಂಡ ಮೂರನೇ ಸ್ಥಾನ ಪಡೆಯಿತು.

ಹಾಗೇ, 65ನೇ ನಿಮಿಷದ ಹೊತ್ತಿಗೆ ಕಾಲು ಸೋಲುತ್ತೆ. ಬೆಂಚಿನಲ್ಲಿ ಇಬ್ಬರು ವಿಂಗ್ ಬ್ಯಾಕ್ ಇಲ್ಲದಿದ್ದರೆ ಆಟ ಮುಗಿಯುವ 25 ನಿಮಿಷಕ್ಕೆ ಏನು ಮಾಡುತ್ತೀರಿ ಅಂತ ಈಗಲೇ ಯೋಚಿಸಿ.

ಎಡಗಾಲು:

ಮಿಡ್‌ಫೀಲ್ಡರ್ ಜರುಗುವ ಉತ್ತರ ಒಪ್ಪಿದೆ, ಆ ಮೂವರಿಗೆ ಓಡುವ ಶಕ್ತಿ ಇದ್ದರೆ. ನನ್ನ ಸಲಹೆ: 4-4-2 ಪೂರ್ತಿ ಬಿಡಬೇಡಿ. ಮೊನ್ನೆಯವರೆಗೆ ರೈಟ್ ಬ್ಯಾಕ್ ಆಗಿದ್ದವನು ಮೂವರಲ್ಲಿ ಒಬ್ಬ ಆಗಿದ್ದಾನೆ ಅಂದರೆ, ಪಂದ್ಯದ ಮಧ್ಯದಲ್ಲಿ ಯಾರನ್ನೂ ಇಳಿಸದೆ ಹಳೆಯ ನಾಲ್ವರಿಗೆ ವಾಪಸ್ ಹೋಗಬಹುದು. ಅವನು ಬಲಕ್ಕೆ ಅಗಲವಾಗುತ್ತಾನೆ, ಕುದುರೆ ಎಡಕ್ಕೆ ಇಳಿಯುತ್ತದೆ, ಅಷ್ಟೇ. ವಿಂಗ್ ಬ್ಯಾಕ್‌ಗಳು ಸುಸ್ತಾದಾಗ ಅದೇ ದಾರಿ.

ಟಚ್‌ಲೈನ್:

ಮೂರು ವಾರ ಆಯಿತು, ಬರೆಯುತ್ತೇನೆ ಅಂದುಕೊಂಡಿದ್ದೆ. ನಿನ್ನೆ ಮೊದಲ ಅಭ್ಯಾಸ ಪಂದ್ಯ, 2-2. ಒಂದು ಗಂಟೆಯ ತನಕ 2-0 ಮುಂದಿದ್ದೆವು. ಎಡಗಡೆಯ ಆ ಗ್ಯಾಪ್‌ನಿಂದ ಒಂದು ಪಾಸ್ ಕೂಡ ಬರಲಿಲ್ಲ. ಲೆಫ್ಟ್ ವಿಂಗರ್ ಎರಡೂ ಗೋಲು ಹೊಡೆದ, ಪಂದ್ಯ ಮುಗಿದ ಮೇಲೆ ಬಂದು ಇಲ್ಲೇ ಆಡುತ್ತೇನೆ ಅಂದ. ಎತ್ತರದ ಹುಡುಗನಿಗೆ ಕೂಗಿ ಕೂಗಿ ಗಂಟಲು ಕಟ್ಟಿತ್ತು.

ಬಿಟ್ಟ ಎರಡು ಗೋಲೂ 70ನೇ ನಿಮಿಷದ ನಂತರ, ಎರಡೂ ಆಚೆ ಕಡೆಗೆ ಹೋದ ಉದ್ದದ ಬಾಲ್‌ನಿಂದ. ರೈಟ್ ವಿಂಗ್ ಬ್ಯಾಕ್‌ಗೆ ಜಿಗಿಯಲು ಕಾಲು ಇರಲಿಲ್ಲ, ನಾನೂ ನಾಲ್ವರಿಗೆ ವಾಪಸ್ ಹೋಗುವುದನ್ನು ತಡ ಮಾಡಿದೆ. ಮುಂದಿನ ಪಂದ್ಯದಲ್ಲಿ 60ಕ್ಕೇ ಬದಲಾಯಿಸಿ ನೋಡುತ್ತೇನೆ. ಬೆಂಚಿನಲ್ಲಿರುವ ಆ ವೇಗದ ಸ್ಟಾಪರ್‌ನನ್ನು ಕೊನೆಯ ಅರ್ಧ ಗಂಟೆ ರೈಟ್ ವಿಂಗ್ ಬ್ಯಾಕ್ ಮಾಡಿದರೆ ಹೇಗೆ? ಯಾರಾದರೂ ಪ್ರಯತ್ನ ಮಾಡಿದ್ದೀರಾ?